ಲಂಡನ್ ಮ್ಯಾರಥಾನ್‌ನಲ್ಲಿ ಮೊದಲು ಗುರಿ ಮುಟ್ಟುವವರು

ಪ್ರತಿ ವರ್ಷ ಏಪ್ರಿಲ್ ತಿಂಗಳ ಒಂದು ಭಾನುವಾರ ನಡೆಯುವ ಲಂಡನ್ ಮ್ಯಾರಥಾನ್‌ನಲ್ಲಿ, ದಿ ಮಾಲ್ ರಸ್ತೆಯ ಅಂತಿಮ ಗೆರೆಯನ್ನು ಎಲ್ಲರಿಗಿಂತ ಮೊದಲು ದಾಟುವವರು ಗಾಲಿಕುರ್ಚಿಯ ಸ್ಪರ್ಧಿಗಳು. ಅವರನ್ನು ಮೊದಲು ಬಿಟ್ಟು, ನಂತರ ಎಲೈಟ್, ಅಂದರೆ ಅಗ್ರಶ್ರೇಣಿಯ, ಮಹಿಳೆಯರನ್ನು, ಅದಾದ ಮೇಲೆ ಎಲೈಟ್ ಪುರುಷರನ್ನೂ ಸಾವಿರಾರು ಸಾಮಾನ್ಯ ಓಟಗಾರರನ್ನೂ ಬಿಡುತ್ತಾರೆ. ಅಲ್ಲಿಯ ಬೆಳಗಿನ ಒಂಬತ್ತು ಗಂಟೆ ಎಂದರೆ ನಮ್ಮ ಹುಬ್ಬಳ್ಳಿಯಲ್ಲಿ ಮಧ್ಯಾಹ್ನ ಒಂದೂವರೆ. ಊಟ ಮುಗಿಸಿ, ಬಿಸಿಲಿಗೆ ಬೇಸತ್ತು ಒಂದು ನಿದ್ದೆ ತೆಗೆದು, ಆಮೇಲೆ ಟಿವಿ ಹಚ್ಚುವವರು ಈ ಸ್ಪರ್ಧೆಯನ್ನು ಪೂರ್ತಿಯಾಗಿ ಕಳೆದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಇಡೀ ದಿನದ ಅತ್ಯಂತ ಬಿಗಿಯಾದ ಪೈಪೋಟಿ ಅದೇ ಆಗಿರುವುದರಿಂದ ಇಂದಿನ ವ್ಲಾಗನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಈಗ ನೀವು ನೋಡುತ್ತಿರುವುದು ಉಣಕಲ್ ಕೆರೆಯ ಪಕ್ಕದ ರಸ್ತೆ. ಚೆನ್ನಮ್ಮ ವೃತ್ತದಿಂದ ಧಾರವಾಡದ ಜುಬಿಲಿ ಸರ್ಕಲ್‌ಗೆ ಸುಮಾರು 20 ಕಿ.ಮೀ. ದಾರಿ, ಅಲ್ಲಿಗೆ ಹೋಗಿ ಮರಳಿ ಬಂದರೆ ಹೆಚ್ಚೂಕಡಿಮೆ ಮ್ಯಾರಥಾನ್‌ನ 42.195 ಕಿ.ಮೀ. ಆಗುತ್ತದೆ. ಇಷ್ಟು ದೂರವನ್ನು ಕೀನ್ಯಾದ ಕೆಲ್ವಿನ್ ಕಿಪ್ಟಮ್ 2023ರಲ್ಲಿ ಚಿಕಾಗೊದಲ್ಲಿ 2 ಗಂಟೆ 35 ಸೆಕೆಂಡುಗಳಲ್ಲಿ ಓಡಿದರು. ಸ್ವಿಟ್ಜರ್ಲೆಂಡಿನ ಮಾರ್ಸೆಲ್ ಹುಗ್ 2021ರಲ್ಲಿ ಜಪಾನಿನ ಓಯಿಟಾದಲ್ಲಿ ಇದೇ ದೂರವನ್ನು ಗಾಲಿಕುರ್ಚಿಯಲ್ಲಿ 1 ಗಂಟೆ 17 ನಿಮಿಷ 47 ಸೆಕೆಂಡುಗಳಲ್ಲಿ ಕ್ರಮಿಸಿದರು. ಗಂಟೆಗೆ 32 ಕಿ.ಮೀ.ಗೂ ಮೀರಿದ ಈ ಸರಾಸರಿ ವೇಗ ಕೇವಲ ಎರಡು ತೋಳುಗಳ ಬಲದಿಂದ ಬಂದದ್ದು. ತನ್ನದೇ ಪ್ರತ್ಯೇಕ ಪಥದಲ್ಲಿ ಓಡುವ, ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಬರಲು ನಮಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ನಮ್ಮ ಓಣಿಯಲ್ಲಿ ಮೂರು ಗಾಲಿಯ ಕೈಸೈಕಲ್ಲಿನ ಮೇಲೆ ಓಡಾಡುವ ಕಾಕಾ ಒಬ್ಬರಿದ್ದಾರೆ. ಒಂದು ಕೈಯಿಂದ ಪೆಡಲ್ ತಿರುಗಿಸುತ್ತ, ಇನ್ನೊಂದು ಕೈಯಿಂದ ಹ್ಯಾಂಡಲ್ ಹಿಡಿಯುವುದು ಅವರ ಕ್ರಮ. ಈ ಸ್ಪರ್ಧೆಯನ್ನು ನನ್ನೊಡನೆ ನೋಡುತ್ತ ಅವರು ಕೇಳಿದರು: “ತಮ್ಮಾ, ಎರಡೂ ಕೈ ಗಾಲಿ ಮ್ಯಾಲೇ ಅದಾವಲ್ಲ, ಹ್ಯಾಂಡಲ್ ಯಾವಾಗ ಹಿಡೀತಾರಪಾ ಇವ್ರು?” ಇಷ್ಟು ನೇರವಾದ ಪ್ರಶ್ನೆಯನ್ನು ನಾನು ಯಾವ ವೀಕ್ಷಕ ವಿವರಣೆಯಲ್ಲೂ ಕೇಳಿರಲಿಲ್ಲ.

ಸ್ಪರ್ಧೆಯ ಈ ಕುರ್ಚಿ ಆಸ್ಪತ್ರೆಯ ಗಾಲಿಕುರ್ಚಿಯಂಥದ್ದಲ್ಲ. ಮುಂದಕ್ಕೆ ಉದ್ದವಾಗಿ ಚಾಚಿದ ಅಲ್ಯುಮಿನಿಯಂ ಅಥವಾ ಕಾರ್ಬನ್ ಚೌಕಟ್ಟು, ಅದರ ತುದಿಗೆ ಒಂದು ಚಿಕ್ಕ ಗಾಲಿ, ಹಿಂದೆ ಬುಡದಲ್ಲಿ ಅಗಲವಾಗಿ ನಿಲ್ಲುವಂತೆ ಓರೆಯಾಗಿ ಕೂರಿಸಿದ ಎರಡು ದೊಡ್ಡ ಗಾಲಿಗಳು. ಈ ಓರೆಯಿಂದಾಗಿಯೇ ವೇಗದ ತಿರುವಿನಲ್ಲೂ ಕುರ್ಚಿ ಸುಲಭವಾಗಿ ಮಗುಚುವುದಿಲ್ಲ. ಅನೇಕ ಸ್ಪರ್ಧಿಗಳು ಮಂಡಿಯೂರಿ, ಎದೆಯನ್ನು ತೊಡೆಗೆ ತಾಗಿಸಿ ಕುಳಿತಿರುತ್ತಾರೆ. ದೊಡ್ಡ ಗಾಲಿಗೆ ಹೊಂದಿಕೊಂಡ ಚಿಕ್ಕ ಬಳೆಯನ್ನು ಅವರು ಹಿಡಿದು ತಳ್ಳುವುದಿಲ್ಲ. ಗಟ್ಟಿಯಾದ ಕೈಗವಸು ತೊಟ್ಟ ಮುಷ್ಟಿಯಿಂದ ಅದಕ್ಕೆ ಗುದ್ದಿ, ಕೆಳಗಿನವರೆಗೂ ಒತ್ತಿ ಬಿಡುತ್ತಾರೆ. ಕಾಕಾ ಕೇಳಿದ್ದಕ್ಕೆ ಉತ್ತರ ಮುಂಗಾಲಿಯ ಬಳಿ ಇದೆ. ಅಲ್ಲಿರುವ ಕಾಂಪೆನ್ಸೇಟರ್ ಎಂಬ ಸನ್ನೆಕೋಲನ್ನು ಒಮ್ಮೆ ತಟ್ಟಿದರೆ ಮುಂಗಾಲಿ ತುಸು ಹೊರಳಿ ಹಾಗೆಯೇ ನಿಲ್ಲುತ್ತದೆ, ಮತ್ತೊಮ್ಮೆ ತಟ್ಟಿದರೆ ನೇರವಾಗುತ್ತದೆ. ಇದರಿಂದ ಎರಡೂ ಕೈಗಳು ಗಾಲಿಗೇ ಸಿಗುತ್ತವೆ. ರಸ್ತೆಯ ಕಡಿದಾದ ತಿರುವುಗಳಲ್ಲಿ ಮಾತ್ರ ಚಿಕ್ಕ ಹ್ಯಾಂಡಲ್ ಹಿಡಿಯಲೇಬೇಕು. ಆ ಕ್ಷಣದಲ್ಲಿ ತಳ್ಳುವ ಕೆಲಸ ನಿಲ್ಲುತ್ತದೆ, ಅಂತರ ಹುಟ್ಟುವುದೂ ಆಗಲೇ. ಅತಿವೇಗದಲ್ಲಿ ನುಗ್ಗಿದರೆ ಏನಾಗುತ್ತದೆ ಎಂಬುದಕ್ಕೂ ಮಾರ್ಸೆಲ್ ಹುಗ್ ಅವರೇ ಉದಾಹರಣೆ: 2024ರ ಬಾಸ್ಟನ್ ಮ್ಯಾರಥಾನ್‌ನ ನ್ಯೂಟನ್ ತಿರುವಿನಲ್ಲಿ ಅವರು ಪಕ್ಕದ ತಡೆಗೋಡೆಗೆ ಅಪ್ಪಳಿಸಿ ಉರುಳಿದರು. ಆದರೂ ಎದ್ದು ಸಾವರಿಸಿಕೊಂಡು, 1 ಗಂಟೆ 15 ನಿಮಿಷ 33 ಸೆಕೆಂಡುಗಳಲ್ಲಿ ಆ ಮಾರ್ಗದ ದಾಖಲೆಯೊಡನೆ ಗೆದ್ದರು.

ಈ ಪೈಪೋಟಿಯ ಇನ್ನೊಂದು ಮರ್ಮ ಗಾಳಿ. ಮುಂದಿನವರ ಬೆನ್ನಿಗಂಟಿ ಸಾಗಿದರೆ ಗಾಳಿಯ ತಡೆ ಕಡಿಮೆಯಾಗುವುದರಿಂದ ಸ್ಪರ್ಧಿಗಳು ಸಾಲಾಗಿ ಹೋಗುತ್ತಾರೆ, ಮುಂದಾಳತ್ವವನ್ನು ಸರದಿಯಂತೆ ಬದಲಿಸಿಕೊಳ್ಳುತ್ತಾರೆ. ಏರಿನಲ್ಲಿ ಹಗುರ ಮೈಯವರಿಗೆ ಅನುಕೂಲ, ಇಳಿಜಾರಿನಲ್ಲಿ ತೂಕದವರಿಗೆ. ಓಟಗಾರರಿಗಿಂತ ಎಷ್ಟೋ ಪಾಲು ವೇಗವಾಗಿ ಇಳಿಜಾರನ್ನು ಇಳಿಯುವ ಕುರ್ಚಿಗಳು ಜನಸಂದಣಿಯ ಹಿಂದೆ ಬಂದರೆ ಅಪಾಯ. ಅವರನ್ನು ಮೊದಲು ಬಿಡುವುದಕ್ಕೆ ಇದೇ ಕಾರಣ.

ಈ ಸ್ಥಾನ ಅವರಿಗೆ ಸುಮ್ಮನೆ ದಕ್ಕಲಿಲ್ಲ. ಬಾಲ್ಯದಲ್ಲಿ ಪೋಲಿಯೊಗೆ ತುತ್ತಾಗಿದ್ದ ಬಾಬ್ ಹಾಲ್ 1975ರಲ್ಲಿ ಬಾಸ್ಟನ್ ಮ್ಯಾರಥಾನ್‌ಗೆ ಅವಕಾಶ ಕೇಳಿದಾಗ, ಮೂರು ಗಂಟೆಯೊಳಗೆ ಮುಗಿಸಿದರೆ ಮಾತ್ರ ಪ್ರಮಾಣಪತ್ರ ಕೊಡುವುದಾಗಿ ನಿರ್ದೇಶಕ ವಿಲ್ ಕ್ಲೋನಿ ಹೇಳಿದರು. ಹಾಲ್ 2 ಗಂಟೆ 58 ನಿಮಿಷಗಳಲ್ಲಿ ಮುಗಿಸಿದರು. 1981ರಲ್ಲಿ ಆರಂಭವಾದ ಲಂಡನ್ ಮ್ಯಾರಥಾನ್‌ಗೆ ಗಾಲಿಕುರ್ಚಿ ಸ್ಪರ್ಧೆ ಸೇರಿದ್ದು 1983ರಲ್ಲಿ. ಅಲ್ಲಿ ಟ್ಯಾನಿ ಗ್ರೇ-ಥಾಂಪ್ಸನ್ ಆರು ಬಾರಿ, ಡೇವಿಡ್ ವೀರ್ 2002ರಿಂದ 2018ರ ನಡುವೆ ಎಂಟು ಬಾರಿ ಗೆದ್ದಿದ್ದಾರೆ. ಆದರೂ ಗೆದ್ದವರ ಬಹುಮಾನದ ಹಣ ಓಟಗಾರರ ಬಹುಮಾನಕ್ಕೆ ಸಮನಾಗಲು 2024ರವರೆಗೆ ಕಾಯಬೇಕಾಯಿತು. ಆ ವರ್ಷ ಎರಡೂ ವಿಭಾಗಗಳ ವಿಜೇತರಿಗೆ ತಲಾ 55,000 ಡಾಲರ್ ನೀಡಲಾಯಿತು. ನಾಲ್ಕು ದಶಕ ತಡವಾಗಿ ಬಂದ ನ್ಯಾಯವಾದರೂ ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ನಮ್ಮ ದೇಶದಲ್ಲಿ 2004ರಿಂದ ನಡೆಯುತ್ತಿರುವ ಮುಂಬೈ ಮ್ಯಾರಥಾನ್‌ನಲ್ಲಿಯೂ ಅಂಗವಿಕಲರ ವಿಭಾಗವಿದೆ, ಆದರೆ ಅದು ಪೂರ್ಣ ದೂರದ್ದಲ್ಲ, ಬಹುತೇಕರು ದಿನಬಳಕೆಯ ಕುರ್ಚಿಯಲ್ಲಿಯೇ ಭಾಗವಹಿಸುತ್ತಾರೆ. ಸ್ಪರ್ಧೆಯ ಕುರ್ಚಿಗೆ ಹಲವು ಲಕ್ಷ ರೂಪಾಯಿ ಬೇಕು. ರಸ್ತೆಯ ವಿಷಯಕ್ಕೆ ಬಂದರೆ, ಚಿಗರಿ ನಿಲ್ದಾಣಗಳಿಗೆ ಇಳಿಜಾರು ದಾರಿಯಿದೆ, ಬಸ್ಸಿನ ನೆಲವೂ ನಿಲ್ದಾಣದ ನೆಲವೂ ಸಮಮಟ್ಟದಲ್ಲಿವೆ; ಈ ಒಂದು ಕೆಲಸವನ್ನು ಅವಳಿ ನಗರ ಚೆನ್ನಾಗಿ ಮಾಡಿದೆ. ಸ್ಪ್ರಿಂಗ್ ಇಲ್ಲದ ಮೂರು ಗಾಲಿಯ ಕುರ್ಚಿ ನವನಗರ, ರಾಯಾಪುರ, ಸತ್ತೂರಿನ ಮೂಲಕ ಧಾರವಾಡದತ್ತ ಏರಿ, ಮತ್ತೆ ಹುಬ್ಬಳ್ಳಿಗೆ ಇಳಿದು ಬರಬೇಕಾದರೆ ಬಸ್ಸಿನ ಆ ಪ್ರತ್ಯೇಕ ಪಥವೇ ಸೂಕ್ತ. ವರ್ಷದಲ್ಲಿ ಒಂದು ಭಾನುವಾರ ಬೆಳಿಗ್ಗೆ ಎರಡು ಗಂಟೆಗಳ ಕಾಲ ಅದನ್ನು ಬಿಟ್ಟುಕೊಟ್ಟರೆ ಸಾಕು ಎಂಬುದು ನನ್ನ ಮನವಿ. ಕಾಕಾ ಅವರಂತೂ ತಮ್ಮ ಕೈಸೈಕಲ್ಲಿನಲ್ಲಿ ಉಣಕಲ್‌ವರೆಗಾದರೂ ಬರುವುದಾಗಿ ಈಗಲೇ ಒಪ್ಪಿದ್ದಾರೆ.

ಮುಂದಿನ ಏಪ್ರಿಲ್‌ನಲ್ಲಿ ನೋಡುವವರು ಹತ್ತನೆಯ ಕಿಲೊಮೀಟರಿನ ಹೊತ್ತಿಗೆ ಬರುವ ಕಟ್ಟಿ ಸಾರ್ಕ್ ಹಡಗಿನ ಸುತ್ತಲಿನ ತಿರುವನ್ನು ತಪ್ಪಿಸಬೇಡಿ. ಸಾಲಿನಲ್ಲಿ ಯಾರು ಮೊದಲು ಹ್ಯಾಂಡಲ್ ಬಿಟ್ಟು ಗಾಲಿಗೆ ಗುದ್ದುತ್ತಾರೆ ಎಂಬುದನ್ನು ಗಮನಿಸಿ. ಟವರ್ ಬ್ರಿಜ್‌ನ ಏರು ಬರುವಷ್ಟರಲ್ಲಿ ಎರಡನೆಯವರಿಗೂ ಅವರಿಗೂ ನಡುವೆ ಎಷ್ಟು ರಸ್ತೆ ಉಳಿದಿದೆ ಎಂಬುದನ್ನು ಕಮೆಂಟ್‌ನಲ್ಲಿ ನನಗೆ ಬರೆದು ತಿಳಿಸಿ.