ವಾರದ ಕೊನೆಗೆ ನಮ್ಮದೇ ಹಾಸನ

ಕೇಳುಗರೆಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ಹುಟ್ಟಿ, ಕೆಲಸಕ್ಕೆ ಬೆಂಗಳೂರು ಸೇರಿದ ನಮ್ಮಂಥವರು ಊರಿಗೆ ಬರುವುದು ಯಾವಾಗ? ಮದುವೆ, ತಿಥಿ, ಗೃಹಪ್ರವೇಶ. ಇಲ್ಲಾಂದ್ರೆ ಪಹಣಿ, ಖಾತೆ ಅಂತ ತಾಲ್ಲೂಕು ಕಚೇರಿಯ ಕೆಲಸ. ಶನಿವಾರ ರಾತ್ರಿ ಬರುತ್ತೇವೆ. ಭಾನುವಾರ ಸಂಜೆ ಅಮ್ಮ ಕಟ್ಟಿಕೊಟ್ಟ ತೆಂಗಿನಕಾಯಿ, ಹುರುಳಿಕಾಳಿನ ಚೀಲ ಹಿಡಿದು ಮತ್ತೆ ಬಸ್ಸು ಹತ್ತುತ್ತೇವೆ. ನಾಲ್ಕು ದಿನ ರಜೆ ಕೂಡಿ ಬಂದರೆ ಗೋವಾ, ಅಂಡಮಾನ್ ಅಂತ ಲೆಕ್ಕ ಹಾಕುತ್ತೇವೆ. ನೀರು ನೋಡಬೇಕು, ದ್ವೀಪ ನೋಡಬೇಕು ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಹಾಸನ ಪೇಟೆಯಿಂದ ಒಂದು ಗಂಟೆಯೊಳಗೆ ಸಿಗುವ ಒಂದು ಜಾಗಕ್ಕೆ ಮಳೆಗಾಲದಲ್ಲಿ ನಾಲ್ಕೂ ಕಡೆ ನೀರು ಬಂದು ಸುತ್ತಿಕೊಳ್ಳುತ್ತದೆ. ನಮ್ಮ ಜಿಲ್ಲೆಗೇ ಸೇರಿದ ಆ ದ್ವೀಪದ ತನಕ ನಾವು ಎಷ್ಟು ಜನ ಹೋಗಿದ್ದೇವೆ?

ಈ ಸಲ ಮಳೆಗಾಲ ಮುಗಿಯುವ ಮುಂಚೆ ನಾನೂ ನನ್ನ ಸೋದರಮಾವನೂ ಎರಡು ದಿನ ಸುಮ್ನೆ ಸುತ್ತಲು ಹೊರಟೆವು. ಯಾರ ಮನೆಗೂ ಹೋಗುವುದಿಲ್ಲ, ಯಾವ ಕಚೇರಿಗೂ ಹೋಗುವುದಿಲ್ಲ ಅಂತ ಮೊದಲೇ ಮಾತಾಗಿತ್ತು. ಮಾವ ಮೇಷ್ಟರ ಕೆಲಸದಿಂದ ನಿವೃತ್ತರು. ದಾರಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಮಾತಾಡಿಸದಿದ್ದರೆ ಅವರಿಗೆ ಹೊರಗೆ ಹೋದ ಹಾಗೇ ಅಲ್ಲ. ಇಂಥವರ ಜೊತೆ ಊರು ಸುತ್ತುವುದೇ ಒಂದು ಭಾಗ್ಯ.

ಮೊದಲು ಹೋದದ್ದು ದೊಡ್ಡಗದ್ದವಳ್ಳಿಗೆ. ಬೇಲೂರಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಬೇಕು. ಆ ತಿರುವಿನಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ನೋಡಿದವರು ಬಹಳ ಜನ, ಇಳಿದವರು ಕಡಿಮೆ. ಒಳಗೆ ಹೋದರೆ ಕೆರೆ, ತೆಂಗಿನ ಮರ, ಕೆರೆಯ ಪಕ್ಕದಲ್ಲೇ ಲಕ್ಷ್ಮೀದೇವಿಯ ಗುಡಿ. 1114ರ ಸುಮಾರಿಗೆ ಕಟ್ಟಿದ್ದು, ಅಂದರೆ ಬೇಲೂರಿನ ಚೆನ್ನಕೇಶವನಿಗಿಂತ ಹಳೆಯದು. ಇದನ್ನು ರಾಜರು ಕಟ್ಟಿಸಲಿಲ್ಲ. ಕುಲ್ಲಹಣ ರಾಹುತ ಅನ್ನುವ ವ್ಯಾಪಾರಿಯೂ ಅವನ ಹೆಂಡತಿ ಸಹಜಾದೇವಿಯೂ ಕಟ್ಟಿಸಿದರು. ಹೊಯ್ಸಳರ ಕಾಲ ಅಂದರೆ ವಿಷ್ಣುವರ್ಧನ, ಶಾಂತಲೆ ಅಂತ ಬಾಯಿಪಾಠ ಮಾಡಿಕೊಂಡ ನಮಗೆ ಈ ಗಂಡ ಹೆಂಡಿರ ಹೆಸರೂ ಗೊತ್ತಿರಬೇಕಲ್ವಾ?

ಒಂದು ನಡು ಅಂಕಣ, ಅದರ ನಾಲ್ಕು ದಿಕ್ಕಿಗೆ ನಾಲ್ಕು ಗರ್ಭಗುಡಿ. ಲಕ್ಷ್ಮಿಯ ಮನೆಯಲ್ಲೇ ಶಿವನೂ ಇದ್ದಾನೆ, ಕಾಳಿಯೂ ಇದ್ದಾಳೆ. ಕಾಳಿಯ ಬಾಗಿಲಿನ ಹತ್ತಿರ ಎಲುಬೆಲುಬಾಗಿ ಕಾಣುವ ಎರಡು ಬೇತಾಳಗಳು ನಿಂತಿವೆ. ಅವುಗಳ ಪಕ್ಕೆಲುಬು ಎಣಿಸಬಹುದು. ಬೇಲೂರಿನಷ್ಟು ಕೆತ್ತನೆ ಇಲ್ಲಿಲ್ಲ. ಗೋಡೆಗಳು ಬೋಳಾಗಿ, ಅಗಲವಾಗಿ ಇವೆ. ನನಗೆ ಅದೇ ಇಷ್ಟವಾಯಿತು. ಕಟ್ಟಡದ ಆಕಾರ ಪೂರ್ತಿ ಕಣ್ಣಿಗೆ ಸಿಗುತ್ತದೆ. ಮೇಲೆ ಒಂಬತ್ತು ಶಿಖರಗಳು, ಕೆಳಗೆ ಹುಲ್ಲು. ಅವತ್ತು ನಾವು ಅಲ್ಲಿದ್ದಷ್ಟು ಹೊತ್ತೂ ಬೇರೆ ಯಾರೂ ಬರಲಿಲ್ಲ.

ಬೇಲೂರಿನ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಗೈಡುಗಳು ಚೆನ್ನಾಗಿ ವಿವರಿಸುತ್ತಾರೆ. ಒಂದು ವಿಷಯ ಮಾತ್ರ ನೋಡಿ ಬನ್ನಿ. ಮದನಿಕೆಯರ ವಿಗ್ರಹಗಳಲ್ಲಿ ಕೆಲವಕ್ಕೆ ಕೆತ್ತಿದವರು ತಮ್ಮ ಹೆಸರು ಹಾಕಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಇವತ್ತಿನ ಶಿವಮೊಗ್ಗ ಜಿಲ್ಲೆಯಿಂದ ಅಪ್ಪ ಮಗ ಇಬ್ಬರೂ ಕೆಲಸ ಹುಡುಕಿಕೊಂಡು ನಮ್ಮ ಜಿಲ್ಲೆಗೆ ಬಂದವರು. ಅವರ ಕೈಗೆ ಸಿಕ್ಕಿದ್ದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಇಟ್ಟ ಮೇಲೆ ಗಟ್ಟಿಯಾಗುತ್ತದೆ. ಬಳೆಯ ಸಂದು, ಸರದ ಮಣಿ ಅಷ್ಟು ಸಣ್ಣದಾಗಿ ಬಂದದ್ದು ಆ ಕಲ್ಲಿನ ಗುಣದಿಂದ, ಇಂಥವರ ಕೈಯಿಂದ.

ಬೇಲೂರಿಗೆ ಬರುವ ಪ್ರವಾಸಿಗರು ಹಲ್ಮಿಡಿಗೆ ಹೋಗುವುದು ಕಡಿಮೆ. ಅದೂ ಬೇಲೂರು ತಾಲ್ಲೂಕಿನ ಹಳ್ಳಿಯೇ. ಸುಮಾರು ಕ್ರಿ.ಶ. 450ರದ್ದು ಅಂತ ಹೇಳುವ ಕನ್ನಡ ಶಾಸನ ಸಿಕ್ಕಿದ್ದು ಅಲ್ಲಿ. ಶಾಲೆಯಲ್ಲಿ ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆದು ಮುಗಿಸಿದ ಊರು. ಕಲ್ಲಿನಲ್ಲಿರುವುದು ಏನು ಗೊತ್ತಾ? ಕದಂಬರ ಕಾಲದಲ್ಲಿ ಯುದ್ಧದಲ್ಲಿ ಹೋರಾಡಿದ ವಿಜ ಅರಸ ಅನ್ನುವವನಿಗೆ ಪಲ್ಮಿಡಿ, ಅಂದರೆ ಇವತ್ತಿನ ಹಲ್ಮಿಡಿ, ಮತ್ತು ಮೂಳಿವಳ್ಳಿ ಅನ್ನುವ ಊರುಗಳನ್ನು ಕೊಟ್ಟ ವಿಷಯ. ಮೂಲ ಶಾಸನವನ್ನು ಮೈಸೂರಿನಲ್ಲಿ ಕಾಪಾಡಿ ಇಟ್ಟಿದ್ದಾರೆ. ಊರಿನಲ್ಲಿ ಅದರ ಪ್ರತಿಕೃತಿ ಇದೆ.

ಪ್ರತಿಕೃತಿ ನೋಡಲು ಅಷ್ಟು ದೂರ ಹೋಗಬೇಕಾ ಅಂತ ಕೆಲವರು ಕೇಳುತ್ತಾರೆ. ಹೋಗಬೇಕು ಅಂತಲೇ ನಾನು ಹೇಳುತ್ತೇನೆ. ಆ ಕಲ್ಲಿನಲ್ಲಿರುವ ಊರು ಇನ್ನೂ ಅಲ್ಲೇ ಇದೆ. ದನ ಹೊಡೆದುಕೊಂಡು ಬರುವವರು ಇದ್ದಾರೆ, ಕಣದಲ್ಲಿ ಜೋಳ ಹರವಿದವರು ಇದ್ದಾರೆ. ಮಾವ ಶಾಸನದ ಮುಂದೆ ನಿಂತು ಒಂದೊಂದೇ ಸಾಲು ಬಿಡಿಸಿ ಓದಲು ನೋಡಿದರು. ಶಾಲೆಯಿಂದ ಬರುತ್ತಿದ್ದ ಮಕ್ಕಳು ಅವರ ಸುತ್ತ ನಿಂತವು. ಒಬ್ಬಳು ಹುಡುಗಿ, "ತಾತ, ನಮ್ಮೂರ ಹೆಸರು ಎಲ್ಲೈತೆ ತೋರ್ಸಿ" ಅಂದಳು. ಮಾವ ತೋರಿಸಿದರು. ಆಮೇಲೆ ಅವಳೇ ಮಿಕ್ಕ ಮಕ್ಕಳಿಗೆ ತೋರಿಸಿದಳು.

ಭಾನುವಾರ ಶೆಟ್ಟಿಹಳ್ಳಿ. ನಾನು ಆಗಲೇ ಹೇಳಿದ ದ್ವೀಪ ಇದೇ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಹತ್ತಿರ, ಬಲ್ಲಾಳರಾಯನ ದುರ್ಗದ ಕಡೆ. ಸಕಲೇಶಪುರ ದಾಟಿ ಗೊರೂರಿಗೆ ಬರುತ್ತಾಳೆ. ಅಲ್ಲಿ ಅವಳಿಗೆ ಕಟ್ಟಿದ ಅಣೆಕಟ್ಟೆ 1979ರಲ್ಲಿ ಮುಗಿಯಿತು. ಡ್ಯಾಂ ತುಂಬಿದರೆ ಸುಮಾರು 37 ಟಿಎಂಸಿ ನೀರು; ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಹಾಸನ, ತುಮಕೂರು, ಮಂಡ್ಯ ಜಿಲ್ಲೆಗಳ ಹೊಲಗಳಿಗೆ ಕಾಲುವೆಯಲ್ಲಿ ಹೋಗುವುದು ಇದೇ ನೀರು. ಈ ನೀರು ನಿಲ್ಲಲು ಎಷ್ಟೋ ಹಳ್ಳಿಗಳು ಜಾಗ ಬಿಟ್ಟುಕೊಟ್ಟವು. ಶೆಟ್ಟಿಹಳ್ಳಿಯ ಚರ್ಚನ್ನು ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ್ದರು. ಜನ ಎದ್ದು ಹೋದ ಮೇಲೆ ಚರ್ಚು ಒಂದೇ ಉಳಿಯಿತು.

ನಾವು ಹೋದಾಗ ಡ್ಯಾಂ ತುಂಬಿತ್ತು. ಚರ್ಚಿನ ಗೋಡೆ ಅರ್ಧ ನೀರಿನಲ್ಲಿ. ಛಾವಣಿ ಎಂದೋ ಹೋಗಿದೆ. ಕಮಾನುಗಳ ಒಳಗಿಂದ ಆಚೆಯ ನೀರು ಕಾಣುತ್ತದೆ. ಇಟ್ಟಿಗೆ ಅಲ್ಲಲ್ಲಿ ಕಳಚಿದೆ. ಬೆಲ್ಲ, ಮೊಟ್ಟೆ ಬೆರೆಸಿ ಗಾರೆ ಅರೆದಿದ್ದರು ಅಂತ ಊರವರು ಹೇಳುತ್ತಾರೆ. ಪ್ರತಿ ವರ್ಷ ಮುಳುಗಿ, ಪ್ರತಿ ಬೇಸಿಗೆ ಒಣಗಿ, ಇಷ್ಟು ವರ್ಷ ನಿಂತಿರುವುದು ನೋಡಿದರೆ ಕಟ್ಟಿದವರಿಗೆ ಕೈ ಮುಗಿಯಬೇಕು ಅನಿಸುತ್ತದೆ.

ಮಾವನ ಜೊತೆ ಹೈಸ್ಕೂಲು ಓದಿದವರೊಬ್ಬರು ಅಲ್ಲಿಗೆ ಬಂದಿದ್ದರು. ಅವರ ಮನೆತನದ್ದು ಮುಳುಗಡೆಯಾದ ಹಳ್ಳಿ. ಜನ ಬಂದು ಚರ್ಚಿನ ಫೋಟೋ ತೆಗೆಯುತ್ತಿದ್ದರೆ ಅವರು ಬೇರೆ ಕಡೆ ನೋಡುತ್ತಿದ್ದರು. "ಆ ಒಣಗಿದ ಮರ ಐತಲ್ಲ ಮೇಷ್ಟ್ರೇ, ಅದರಾಚೆ ನಮ್ಮ ಗದ್ದೆ. ಎರಡು ಬೆಳೆ ತೆಗೀತಿದ್ವಿ" ಅಂದರು. ಪರಿಹಾರದ ಬಗ್ಗೆ ಕೇಳಿದೆ. ಬಂತು, ಆದರೆ ಕೊಟ್ಟ ಜಮೀನಿನಲ್ಲಿ ನೀರಿರಲಿಲ್ಲ ಅಂದರು. ನೀರಿಗಾಗಿ ಊರು ಬಿಟ್ಟವರಿಗೇ ನೀರಿಲ್ಲ. ನನಗೆ ಹೊಟ್ಟೆ ಉರಿಯಿತು. ನಾನು ತುಂಬಾ ಚಂದದ ಜಾಗ ಅಂತ ನೋಡುತ್ತಿದ್ದ ನೀರಿನ ಕೆಳಗೆ ಬದು, ಬಾವಿ, ಕಣ ಎಲ್ಲ ಇವೆ. ಬೇಸಿಗೆಯಲ್ಲಿ ನೀರು ಇಳಿದಾಗ ಕೆಲವು ಕಡೆ ಅವು ಮೇಲೆ ಬರುತ್ತವಂತೆ. "ಏಪ್ರಿಲ್‌ನಲ್ಲಿ ಬಾ ಮಗಾ, ನಡೆದುಕೊಂಡೇ ಹೋಗಿ ತೋರಿಸ್ತೀನಿ" ಅಂತ ನನಗೆ ಹೇಳಿದರು.

ಬಿಡಾರ ಬೇಕು, ಗಾಡಿ ಬೇಕು ಅಂತ ಇಷ್ಟು ಸುತ್ತುವುದಕ್ಕೆ ಕಾಯಬೇಡಿ. ಬಸ್ಸು, ಆಟೋ, ನಡಿಗೆ ಸಾಕು. ದಾರಿಯ ಹೋಟೆಲಿನಲ್ಲಿ ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಸಿಗುತ್ತದೆ. ಶೆಟ್ಟಿಹಳ್ಳಿಗೆ ಹೋಗುವವರಿಗೆ ಒಂದೆರಡು ಮಾತು. ನೀರು ತುಂಬಿದಾಗ ಚರ್ಚಿನ ಹತ್ತಿರ ಈಜಿಕೊಂಡು ಹೋಗುವ ಸಾಹಸ ಮಾಡಬೇಡಿ, ಕೆಳಗೆ ಕಲ್ಲು, ಹಳ್ಳ ಎಲ್ಲಿದೆ ಗೊತ್ತಾಗುವುದಿಲ್ಲ. ನೀರು ಇಳಿದಾಗ ಗೋಡೆ ಹತ್ತಬೇಡಿ. ಬಾಟಲಿ ಬಿಸಾಡಬೇಡಿ, ಅದೇ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ. ಗೋಡೆಯ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ದಾಸೋಜ ಹೆಸರು ಕೆತ್ತಿದ್ದು ತಾನೇ ಮಾಡಿದ ಕೆಲಸದ ಕೆಳಗೆ.

ಈ ಎರಡು ದಿನದಲ್ಲಿ ನೋಡಲಾಗದ್ದು ಇನ್ನೂ ಎಷ್ಟೋ ಇದೆ. ಸಕಲೇಶಪುರದ ಮಂಜರಾಬಾದ್ ಕೋಟೆ, ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಮಂಗಳೂರಿಗೆ ಹೋಗುವಾಗಲೆಲ್ಲ ಅದರ ಕೆಳಗಿನ ರಸ್ತೆಯಲ್ಲೇ ಹೋಗುತ್ತೇವೆ. ಮಾವನಿಗೆ ಅಲ್ಲಿನ ಮೆಟ್ಟಿಲು ಹತ್ತುವುದು ಕಷ್ಟ, ಹಾಗಾಗಿ ಮುಂದಿನ ಸಲ ಕೋರವಂಗಲ ಅಂತ ತೀರ್ಮಾನ ಮಾಡಿದ್ದೇವೆ. ಅರಸೀಕೆರೆ ರಸ್ತೆಯಲ್ಲಿ, ಹಾಸನಕ್ಕೆ ಹತ್ತಿರ. ಎರಡನೇ ವೀರಬಲ್ಲಾಳ ಪಟ್ಟಕ್ಕೆ ಬಂದ ವರ್ಷ, 1173ರಲ್ಲಿ, ಅವನ ಅಧಿಕಾರಿ ಬೂಚಿ ಕಟ್ಟಿಸಿದ ಬೂಚೇಶ್ವರನ ಗುಡಿ ಅಲ್ಲಿದೆ. ಬೆಂಗಳೂರಿನ ನನ್ನ ಆಫೀಸಿನಲ್ಲಿ ಹಾಸನ ಕಡೆಯವರು ಇನ್ನೂ ಕೆಲವರಿದ್ದಾರೆ. ಅವರನ್ನೂ ಕರೆದಿದ್ದೇನೆ. ಏಪ್ರಿಲ್ ಬಂದರೆ ಶೆಟ್ಟಿಹಳ್ಳಿಗೆ ಅವರ ಜೊತೆಗೇ ಹೋಗಿ ಆ ಗದ್ದೆಯ ಬದು ನೋಡಬೇಕು.

ನಮಸ್ಕಾರ.