‘ಅದು ಹೆಂಗ ಗೊತ್ತಾತು?’
(ಹಾವೇರಿಯಲ್ಲಿ ರಾಷ್ಟ್ರೀಯ ವಿಜ್ಞಾನ ದಿನದಂದು ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರುವ ಹಿರಿಯರಿಗೆ, ಮುಂದೆ ಕೂತಿರುವ ಮಾಸ್ತರರಿಗೆ, ಅಕ್ಕೋರಿಗೆ, ಹಿಂದೆ ಗೋಡೆಗೆ ಒರಗಿ ನಿಂತ ಹುಡುಗರಿಗೆ. ಮುಂದೆ ಕುರ್ಚಿ ಖಾಲಿ ಇವೆ, ಬರ್ರಿ. ನಾನು ಪ್ರಶ್ನೆ ಕೇಳೋದಿಲ್ಲ.

ನನ್ನ ಪರಿಚಯ ಮಾಡುವಾಗ ‘ವಿಜ್ಞಾನ ಚಿಂತಕರು’ ಅಂದರು. ಅದನ್ನ ಬಿಟ್ಟುಬಿಡಿ. ನಾನು ಬ್ಯಾಡಗಿ ಮಾರುಕಟ್ಟೆಯಲ್ಲಿ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕ ಬರೆಯುವವನು. ಓದಿದ್ದು ಬಿ.ಕಾಂ. ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಕಪ್ಪೆ, ಕಲ್ಲು, ನಕ್ಷತ್ರ ಅಂತ ಏನೇನೋ ಓದುತ್ತೇನೆ. ಮನೆಯಲ್ಲಿ ಇದಕ್ಕೆ ‘ಹುಚ್ಚು’ ಅಂತಾರೆ. ಅದೇ ಸರಿ.

ಆದರೆ ಇವತ್ತು ಯಾರ ನೆನಪಿಗೆ ಸೇರಿದ್ದೇವೆ ನೋಡಿ. ಸಿ.ವಿ. ರಾಮನ್ ಅವರೂ ನಮ್ಮ ಹಾಗೆ ಲೆಕ್ಕದವರೇ! 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆಗೆ ಸೇರಿ ಕಲ್ಕತ್ತಾಕ್ಕೆ ಹೋದರು. ಹತ್ತು ವರ್ಷ, 1917ರವರೆಗೆ, ಹಗಲು ಕಚೇರಿ. ಕಚೇರಿಗೆ ಮುಂಚೆ ಮತ್ತು ಕಚೇರಿ ಬಿಟ್ಟ ಮೇಲೆ ಪ್ರಯೋಗಾಲಯ. ಹಾಗಾಗಿ ಲೆಕ್ಕ ಬರೆಯುವವರು ವಿಜ್ಞಾನದ ಬಗ್ಗೆ ಮಾತಾಡಬಾರದು ಅಂತ ಯಾರಾದರೂ ಅಂದರೆ ನಾನು ಸೀದಾ ರಾಮನ್ ಅವರ ಹಿಂದೆ ಹೋಗಿ ನಿಂತುಬಿಡುತ್ತೇನೆ.

1928ರ ರಾಮನ್ ಪರಿಣಾಮ ಏನು ಅಂತ ಮಾಸ್ತರರು ಆಗಲೇ ಹೇಳಿದ್ದಾರೆ: ವಸ್ತುವಿನ ಅಣುಗಳು ಚದುರಿಸಿದ ಬೆಳಕಿನಲ್ಲಿ ಸ್ವಲ್ಪ ಪಾಲು ಬಣ್ಣ ಬದಲಿಸಿಕೊಂಡು ಬರುತ್ತೆ. ನಾನು ಅದಕ್ಕೂ ಏಳು ವರ್ಷ ಹಿಂದಿನ ಒಂದು ಸಂಗತಿ ಹೇಳುತ್ತೇನೆ. 1921ರಲ್ಲಿ ರಾಮನ್ ಇಂಗ್ಲೆಂಡಿನಿಂದ ಹಡಗಿನಲ್ಲಿ ವಾಪಸ್ ಬರುತ್ತಿದ್ದರು. ಸಮುದ್ರ ಗಾಢ ನೀಲಿ. ಅದು ಯಾಕೆ ನೀಲಿ? ಆಕಾಶದ ಬಣ್ಣ ನೀರಿನ ಮೇಲೆ ಪ್ರತಿಫಲಿಸುತ್ತೆ, ಅಷ್ಟೇ, ಅಂತ ಲಾರ್ಡ್ ರೇಲೀ ಹೇಳಿದ್ದರು. ರೇಲೀ ಅಂದರೆ ನೊಬೆಲ್ ಬಂದವರು, ದೊಡ್ಡ ತಲೆ. ಅವರು ಹೇಳಿದ ಮೇಲೆ ಮುಗೀತಲ್ವಾ? ರಾಮನ್ ಸುಮ್ನೆ ಕೂರಲಿಲ್ಲ. ಅವರ ಹತ್ತಿರ ನಿಕೋಲ್ ಪ್ರಿಸಂ ಅನ್ನೋ ಸಣ್ಣ ಹರಳಿನ ಉಪಕರಣ ಇತ್ತು. ಅದನ್ನ ಸರಿಯಾದ ಕೋನದಲ್ಲಿ ಹಿಡಿದರೆ ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕು ತಡೆದುಹೋಗುತ್ತೆ. ಹಡಗಿನ ಕಟಕಟೆ ಹತ್ತಿರ ನಿಂತು ಅದರೊಳಗಿಂದ ನೋಡಿದರು. ಆಕಾಶದ ಪಾಲು ಹೋಯಿತು. ನೀಲಿ ಹೋಗಲಿಲ್ಲ, ಇನ್ನೂ ಗಾಢ ಆಯಿತು! ಅಂದರೆ ಬಣ್ಣ ನೀರಿನದೇ. ನೀರಿನ ಅಣುಗಳೇ ಬೆಳಕನ್ನ ಚದುರಿಸುತ್ತಿವೆ ಅಂತ ರಾಮನ್ ತೀರ್ಮಾನಕ್ಕೆ ಬಂದರು.

ನನಗೆ ಇದರಲ್ಲಿ ಸಮುದ್ರ ನೀಲಿ ಅನ್ನೋದಕ್ಕಿಂತ ಆ ಹರಳು ಮುಖ್ಯ. ದೊಡ್ಡವರೊಬ್ಬರು ಒಂದು ಮಾತು ಹೇಳಿದ್ದಾರೆ. ಅದು ಖರೇನಾ ಅಂತ ನೋಡೋಕೆ ಒಂದು ಉಪಾಯ ಬೇಕು. ನಮ್ಮ ಅಂಗಡಿಗೆ ಬರುವ ಒಬ್ಬ ರೈತರಿದ್ದಾರೆ. ನಾನು ಏನೇ ಹೊಸ ಸಂಗತಿ ಹೇಳಿದರೂ ಅವರದು ಒಂದೇ ಪ್ರಶ್ನೆ: ‘ಅದು ಹೆಂಗ ಗೊತ್ತಾತ್ರೀ ಅವರಿಗೆ?’ ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಎಷ್ಟು ಚೆಂದದ ಸಂಗತಿ ಹೇಳಿದೆ, ‘ಹೌದಾ!’ ಅನ್ನಬಾರದಾ ಅಂತ. ಈಗ ಆ ಪ್ರಶ್ನೆಗೆ ಉತ್ತರ ಇಲ್ಲದ ಸಂಗತಿಯನ್ನ ನಾನು ಅವರ ಮುಂದೆ ಎತ್ತೋದೇ ಇಲ್ಲ. ನಿಮ್ಮ ಮುಂದೆಯೂ ಇಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ‘ನಿಮಗಿದು ಗೊತ್ತೇ?’ ಅಂತ ಬರುತ್ತೆ. ಗುಲಾಬಿ ಹೂವಿನ ಚಿತ್ರ, ಕೆಳಗೆ ವಿಜ್ಞಾನ. ಅದರಲ್ಲಿ ಎಲ್ಲವೂ ಸುಳ್ಳಲ್ಲ. ಆದರೆ ಹೇಗೆ ಗೊತ್ತಾಯಿತು ಅನ್ನೋದು ಒಂದರಲ್ಲೂ ಇರೋದಿಲ್ಲ. ಅರ್ಧ ರುಚಿ ಅಲ್ಲೇ ಹೋಯಿತು.

ಒಂದು ಉದಾಹರಣೆ ತಗೊಳ್ಳೋಣ. ನಮ್ಮ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆ. ನೋಡಿದವರು ಕೈ ಎತ್ತಿ. ಹಾಂ, ಪರವಾಗಿಲ್ಲ. 2024ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಕೆರೆ-ಜೌಗುಗಳ ಪಟ್ಟಿಗೂ ಸೇರಿತು. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತು ಬರುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಸುತ್ತಲಿನ ಹೊಲದಲ್ಲಿ ಮೇಯುತ್ತವೆ, ಕೆರೆಗೆ ಬಂದು ಕೂರುತ್ತವೆ. ಹೊಲದವರಿಗೆ ಅವುಗಳ ಮೇಲೆ ಅಷ್ಟೇನೂ ಪ್ರೀತಿ ಇಲ್ಲ. ಕಡಲೆ ಹೊಲಕ್ಕೆ ಹೆಬ್ಬಾತಿನ ಹಿಂಡು ಇಳಿದರೆ ನಿಮಗೂ ಇರೋದಿಲ್ಲ ಬಿಡಿ. ಇವು ಮರಿ ಮಾಡೋದು ಟಿಬೆಟ್, ಮಂಗೋಲಿಯಾ ಕಡೆ. ಮಧ್ಯದಲ್ಲಿ ಹಿಮಾಲಯ.

ವಾಟ್ಸಾಪ್ ಹೇಳುತ್ತೆ: ಈ ಹಕ್ಕಿ ಎವರೆಸ್ಟ್ ಮೇಲಿಂದ ಹಾರುತ್ತದೆ. ಎವರೆಸ್ಟ್ 8,849 ಮೀಟರ್. ಪಾಪ, ವಾಟ್ಸಾಪಿನದೂ ಪೂರ್ತಿ ತಪ್ಪಲ್ಲ. ಒಳ್ಳೆಯ ಪುಸ್ತಕಗಳೇ ಎಷ್ಟೋ ವರ್ಷ ಹಾಗೆ ಬರೆದವು. ಹೇಗೆ ಗೊತ್ತಾಗಿತ್ತು? ಪರ್ವತ ಹತ್ತುವವರು ಕಂಡೆವು ಅಂದರು, ರಾತ್ರಿ ಮೇಲಿಂದ ಕೂಗು ಕೇಳಿತು ಅಂದರು. ಅಷ್ಟೇ.

ಆಮೇಲೆ ಹಕ್ಕಿಯ ಮೈಮೇಲೇ ಜಿಪಿಎಸ್ ಕಟ್ಟಿ ಬಿಟ್ಟರು. 2013ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಅತಿ ಎತ್ತರದ ಹಾರಾಟ 7,290 ಮೀಟರ್. ಅದೂ ಅಪರೂಪ. ಬಹುತೇಕ ಹಾರಾಟ 6,000 ಮೀಟರಿನ ಕೆಳಗೇ. ಎವರೆಸ್ಟ್ ತುದಿ ಹೋಯಿತು! ಬೇಜಾರಾಯ್ತಾ? ತಡೀರಿ, ಮುಂದೆ ಇದೆ.

ಮಂಗೋಲಿಯಾದಲ್ಲಿ ಹೆಬ್ಬಾತುಗಳು ವರ್ಷಕ್ಕೊಮ್ಮೆ ಗರಿ ಉದುರಿಸುತ್ತವೆ. ಆಗ ಕೆಲವು ವಾರ ಹಾರೋಕಾಗಲ್ಲ. ಆ ಹೊತ್ತಿನಲ್ಲಿ ಹಿಡಿದು, ಕೆಲವಕ್ಕೆ ಹೊಟ್ಟೆಯೊಳಗೆ ಪುಟ್ಟ ಯಂತ್ರ ಇಟ್ಟರು. ಹೃದಯದ ಬಡಿತ, ಗಾಳಿಯ ಒತ್ತಡ, ರೆಕ್ಕೆಯ ಬಡಿತ ಎಲ್ಲ ಅದರಲ್ಲಿ ದಾಖಲಾಗುತ್ತೆ. ಹಕ್ಕಿ ಹಿಂದೂಸ್ತಾನಕ್ಕೆ ಹೊರಟಿತು. ಮುಂದಿನ ವರ್ಷ ಮಂಗೋಲಿಯಾದ ಅದೇ ಜಾಗಕ್ಕೆ ಬಂದಾಗ ಅದನ್ನೇ ಮತ್ತೆ ಹಿಡಿದು ಯಂತ್ರ ತೆಗೆಯಬೇಕು. ಯೋಚನೆ ಮಾಡಿ, ನಮಗೆ ಕೊಟ್ಟ ಸಾಲ ವಾಪಸ್ ಬರೋದೇ ಕಷ್ಟ!

2015ರಲ್ಲಿ ಆ ಲೆಕ್ಕ ಹೊರಬಂತು. ಹೆಬ್ಬಾತು ಒಂದು ಸಲ ಎತ್ತರಕ್ಕೆ ಏರಿ ಅಲ್ಲೇ ಹಾರುತ್ತ ಹೋಗೋದಿಲ್ಲ. ಬೆಟ್ಟ ಬಂದರೆ ಏರುತ್ತೆ, ಕಣಿವೆ ಬಂದರೆ ಇಳಿಯುತ್ತೆ, ಮತ್ತೆ ಏರುತ್ತೆ. ಕಷ್ಟಪಟ್ಟು ಗಳಿಸಿದ ಎತ್ತರ ಯಾಕೆ ಬಿಡಬೇಕು? ಮೇಲೆ ಗಾಳಿ ತೆಳು. ಅಲ್ಲಿ ಹಾರೋಕೆ ರೆಕ್ಕೆ ಜಾಸ್ತಿ ಬಡಿಯಬೇಕು, ರೆಕ್ಕೆ ಸ್ವಲ್ಪ ಜಾಸ್ತಿ ಬಡಿದರೂ ಹೃದಯದ ಖರ್ಚು ಬಹಳ ಏರುತ್ತೆ. ನಮ್ಮ ಹಮಾಲರು ಮೂಟೆ ಹೊತ್ತುಕೊಂಡು ಹಲಗೆ ಮೇಲೆ ನಿಂತು ಕಾಯ್ತಾರಾ? ಇಳಿಸಿ, ಬೇಕಾದಾಗ ಮತ್ತೆ ಹೊರ್ತಾರೆ. ಅದೇ ಲೆಕ್ಕ. ಎವರೆಸ್ಟ್ ಮೇಲಿನ ಹಕ್ಕಿಗಿಂತ ಈ ಲೆಕ್ಕದ ಹಕ್ಕಿ ನನಗೆ ಹತ್ತು ಪಟ್ಟು ಇಷ್ಟ.

ಇನ್ನೂ ಒಂದಿದೆ. ಇದನ್ನ ಹೇಳದೆ ನಾನು ಇಳಿಯೋದಿಲ್ಲ, ಅಧ್ಯಕ್ಷರು ಗಡಿಯಾರ ನೋಡಿದರೂ. ಹಾಗಾದರೆ 9,000 ಮೀಟರಿನ ತೆಳು ಗಾಳಿ ಕೊಟ್ಟರೆ ಈ ಹಕ್ಕಿ ಹಾರಬಲ್ಲದಾ ಇಲ್ಲವಾ? ಜೆಸ್ಸಿಕಾ ಮೀರ್ ಅಂತ ಒಬ್ಬ ವಿಜ್ಞಾನಿ. ಅವರು ಹೆಬ್ಬಾತಿನ ಮೊಟ್ಟೆ ಒಡೆಯುವ ಹೊತ್ತಿಗೆ ಎದುರಿಗೇ ಕೂತರು. ಹೆಬ್ಬಾತಿನ ಮರಿ ಕಣ್ಣು ಬಿಟ್ಟಾಗ ಎದುರಿಗೆ ಯಾರಿರುತ್ತಾರೋ ಅವರೇ ಅವ್ವ. ಹೀಗಾಗಿ ಜೆಸ್ಸಿಕಾ ಅವ್ವ ಆದರು. ಅವರು ಎಲ್ಲಿ ಹೋದರೂ ಮರಿಗಳು ಹಿಂದೆ. ರೆಕ್ಕೆ ಬಲಿತ ಮೇಲೆ ಅವರು ಸ್ಕೂಟರ್ ಓಡಿಸುತ್ತಿದ್ದರು, ಹೆಬ್ಬಾತು ಅವರ ಹೆಗಲ ಪಕ್ಕದಲ್ಲೇ ಹಾರುತ್ತಿತ್ತು. ಆ ಚಿತ್ರ ಹುಡುಕಿ ನೋಡಿ. ಆಮೇಲೆ ಕೆನಡಾದ ವ್ಯಾಂಕೂವರಿನಲ್ಲಿ, ಜೋರು ಗಾಳಿ ಬೀಸುವ ಒಂದು ಸುರಂಗದೊಳಗೆ ಹಾರೋದು ಕಲಿಸಿದರು. ಕೊಕ್ಕಿಗೆ ಮುಖವಾಡ. ಮುಖವಾಡದೊಳಗೆ ಆಮ್ಲಜನಕ ಕಡಿಮೆ ಮಾಡುತ್ತ ಹೋದರು, ಕೊನೆಗೆ 9,000 ಮೀಟರಿನಲ್ಲಿ ಎಷ್ಟಿರುತ್ತೋ ಅಷ್ಟಕ್ಕೆ. ಹಕ್ಕಿ ಹಾರಿತು! ಹೃದಯ ಎದ್ದುಬಿದ್ದು ಬಡಿಯಲಿಲ್ಲ. ಮೈಯೇ ಖರ್ಚು ಕಡಿಮೆ ಮಾಡಿಕೊಂಡಿತ್ತು, ರಕ್ತವೂ ತಣ್ಣಗಾಗಿತ್ತು. ತಣ್ಣಗಿನ ರಕ್ತ ಆಮ್ಲಜನಕ ಜಾಸ್ತಿ ಹಿಡಿಯುತ್ತೆ.

ಈ ಸಂಶೋಧನೆ ಪ್ರಕಟವಾಗಿದ್ದು 2019ರ ಸೆಪ್ಟೆಂಬರಿನಲ್ಲಿ. ಅದೇ ತಿಂಗಳು ಹೆಬ್ಬಾತಿನ ಅವ್ವ ಎಲ್ಲಿದ್ದರು ಗೊತ್ತಾ? ರಾಕೆಟ್ ಹತ್ತಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು. ಅಕ್ಟೋಬರ್ 18ಕ್ಕೆ ಕ್ರಿಸ್ಟಿನಾ ಕೋಚ್ ಜೊತೆ ನಿಲ್ದಾಣದ ಹೊರಗೆ ಬಂದು ಕೆಲಸ ಮಾಡಿದರು. ಹೆಣ್ಣುಮಕ್ಕಳೇ ಇದ್ದ ಮೊದಲ ಬಾಹ್ಯಾಕಾಶ ನಡಿಗೆ ಅದು. ಮರಿಗಳನ್ನ ಬಿಟ್ಟು ಅವ್ವನೇ ಎವರೆಸ್ಟ್ ದಾಟಿದಳು, ನೋಡಿ!

(ಚಪ್ಪಾಳೆ ನನಗಲ್ಲ, ಅವರಿಗೆ.)

ಮೆಣಸಿನಕಾಯಿಗೆ ಬರುತ್ತೇನೆ. ಬ್ಯಾಡಗಿಯವನು ಅದನ್ನ ಹೇಳದೆ ಹೋದರೆ ನಾಳೆ ಅಂಗಡಿಗೆ ಸೇರಿಸಲ್ಲ. ನಮ್ಮ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದರಲ್ಲಿ ಎರಡು ಬಗೆ, ಡಬ್ಬಿ ಅಂತೀವಿ, ಕಡ್ಡಿ ಅಂತೀವಿ. 2011ರಲ್ಲಿ ಜಿಐ, ಅಂದರೆ ಇದು ಈ ಊರ ಕಡೆಯದೇ ಅನ್ನೋ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಒಂದು ಒಣಕಾಯಿ ತಗೊಂಡು ಉದ್ದಕ್ಕೆ ಸೀಳಿ ನೋಡಿ. ಮೇಲೆ ಸುಕ್ಕು ಬಿದ್ದ ಕೆಂಪು ಸಿಪ್ಪೆ. ಒಳಗೆ ಬೀಜ. ಬೀಜ ಅಂಟಿಕೊಂಡಿರುವ ಕಡೆ ತೆಳ್ಳಗೆ ಬಿಳಿ ತಿರುಳು. ಖಾರ ಇರೋದು ಬೀಜದಲ್ಲಿ ಅಂತ ಎಲ್ಲರೂ ಹೇಳ್ತಾರೆ. ಖಾರ ತಯಾರಾಗೋದು ಆ ತಿರುಳಿನಲ್ಲಿ; ಬೀಜಕ್ಕೆ ಅದು ಮೆತ್ತಿಕೊಂಡಿರುತ್ತೆ ಅಷ್ಟೇ. ಬೇಕಾದರೆ ಹಸಿಮೆಣಸಿನಕಾಯಿಯ ತಿರುಳನ್ನ ಬೇರೆ ಮಾಡಿ ನಾಲಿಗೆಗೆ ತಾಗಿಸಿ. ಹತ್ತಿರ ಮೊಸರು ಇಟ್ಟುಕೊಳ್ಳಿ. ನೀರು ಕುಡಿದರೆ ಉಪಯೋಗ ಇಲ್ಲ, ಖಾರ ನೀರಿನಲ್ಲಿ ಕರಗಲ್ಲ.

ಗಿಡಕ್ಕೆ ಖಾರ ಯಾಕೆ ಬೇಕು? ಹಿತ್ತಲಿನ ಗಿಡದಲ್ಲಿ ಗಿಳಿ ಹಣ್ಣುಮೆಣಸಿನಕಾಯಿ ತಿನ್ನೋದನ್ನ ನೋಡಿದ್ದೀರಿ. ಅದಕ್ಕೆ ಖಾರ ಆಗಲ್ವಾ? ಅಮೆರಿಕದ ಅರಿಜೋನಾದಲ್ಲಿ ಇಬ್ಬರು ಸಂಶೋಧಕರು ಕಾಡುಮೆಣಸಿನಗಿಡದ ಮುಂದೆ ಕ್ಯಾಮೆರಾ ಇಟ್ಟರು. ಬಂದು ತಿಂದಿದ್ದು ಹಕ್ಕಿಗಳು. ಇಲಿಗಳು ಮುಟ್ಟಲಿಲ್ಲ. ಆಮೇಲೆ ಖಾರವೇ ಇಲ್ಲದ ಕಾಯಿ ಇಲಿಗಳಿಗೆ ಕೊಟ್ಟರು, ಅವು ತಿಂದವು. ಹಿಕ್ಕೆಯಲ್ಲಿ ಸಿಕ್ಕ ಬೀಜ ಬಿತ್ತಿದರು. ಒಂದೂ ಮೊಳೆಯಲಿಲ್ಲ. ಹಕ್ಕಿಯ ಹಿಕ್ಕೆಯ ಬೀಜ ಚೆನ್ನಾಗಿ ಮೊಳೆಯಿತು. ಹಲ್ಲಿದ್ದವರು ಬೀಜ ಅಗಿದು ಹಾಳು ಮಾಡುತ್ತಾರೆ, ಹಕ್ಕಿ ನುಂಗಿ ದೂರ ಒಯ್ದು ಹಾಕುತ್ತೆ. ಖಾರ ಇರೋದು ಹಲ್ಲಿದ್ದವರನ್ನ ಓಡಿಸೋಕೆ. ಇದು 2001ರ ಸಂಶೋಧನೆ. ನಮಗೆ ನೂರು ಗ್ರಾಂ ಪುಡಿ ಹಾಕದೆ ಸಾರು ಆಗಲ್ಲ. ಗಿಡದ ಲೆಕ್ಕದಲ್ಲಿ ಮನುಷ್ಯ ಇರಲೇ ಇಲ್ಲ ಅಂತ ಕಾಣುತ್ತೆ.

ಹಕ್ಕಿಗೆ ಖಾರ ಯಾಕೆ ಆಗಲ್ಲ? ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ನಮ್ಮ ನರಗಳಲ್ಲಿ ಖಾರ ಹಿಡಿಯುವ ಒಂದು ಪ್ರೋಟೀನ್ ಕಂಡುಹಿಡಿಯಿತು. ಮಜಾ ಏನಂದರೆ ಅದೇ ಪ್ರೋಟೀನು ಬಿಸಿಯನ್ನೂ ಹಿಡಿಯುತ್ತೆ, ಸುಮಾರು 43 ಡಿಗ್ರಿ ದಾಟಿದರೆ. ಅದಕ್ಕೇ ಖಾರ ತಿಂದರೆ ಬಾಯಿ ‘ಸುಡುತ್ತೆ’. ಬಾಯಿ ನಿಜವಾಗಿ ಸುಟ್ಟಿರಲ್ಲ, ನರ ಮೋಸ ಹೋಗಿರುತ್ತೆ. ಕೋಳಿಯಲ್ಲಿ ಅದೇ ಪ್ರೋಟೀನ್ ತೆಗೆದು ನೋಡಿದರೆ ಬಿಸಿಗೆ ಓಗೊಡುತ್ತೆ, ಖಾರಕ್ಕೆ ಇಲ್ಲ. ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ನಾನು ಆವತ್ತು ಮಾರುಕಟ್ಟೆಯಲ್ಲಿ ಪೇಡೆ ಹಂಚಿದೆ. ಯಾಕೆ ಅಂತ ಕೇಳಿದವರಿಗೆ ‘ನಮ್ಮ ಕಾಯಿಗೆ ನೊಬೆಲ್ ಬಂದಿದೆ’ ಅಂದೆ. ಆ ರೈತರು ಪೇಡೆ ಬಾಯಿಗೆ ಹಾಕಿಕೊಂಡೇ ಕೇಳಿದರು: ‘ಕೋಳಿಗೆ ಖಾರ ಹತ್ತೂದಿಲ್ಲಂತ ಹೆಂಗ ಗೊತ್ತಾತು?’

ಚೀಟಿ ಬಂತು. ‘ಐದು ನಿಮಿಷ’ ಅಂತ ಬರೆದಿದ್ದಾರೆ. ಇನ್ನೂ ನಾಲ್ಕು ಸಂಗತಿ ಇದ್ದವು. ಓಡಿಸುತ್ತೇನೆ.

ಅರ್ಜೆಂಟೀನಾದ ರೊಸಾರಿಯೊ ಊರಿನಲ್ಲಿ ವಿಕ್ಟರ್ ಬೂಸೊ ಅಂತ ಒಬ್ಬರು. ಕೆಲಸ ಬೀಗ ರಿಪೇರಿ. ಮನೆ ಮಾಳಿಗೆ ಮೇಲೆ ದೂರದರ್ಶಕ. 2016ರ ಸೆಪ್ಟೆಂಬರ್ 20ರ ರಾತ್ರಿ ಹೊಸ ಕ್ಯಾಮೆರಾ ಪರೀಕ್ಷೆ ಮಾಡೋಕೆ ಒಂದು ಗ್ಯಾಲಕ್ಸಿ ಕಡೆ ತಿರುಗಿಸಿದರು. ಅದೇ ಹೊತ್ತಿಗೆ ಅಲ್ಲಿ ಒಂದು ನಕ್ಷತ್ರ ಸ್ಫೋಟಿಸಿದ ಮೊದಲ ಬೆಳಕು ಬಂತು! ದೊಡ್ಡ ದೊಡ್ಡ ವೀಕ್ಷಣಾಲಯಗಳಿಗೆ ಸಿಗದ ಗಳಿಗೆ ಅದು. 2018ರಲ್ಲಿ ‘ನೇಚರ್’ ಪತ್ರಿಕೆಯ ಲೇಖನದಲ್ಲಿ ಅವರ ಹೆಸರೂ ಇತ್ತು. ಅದೃಷ್ಟ ಅಂತೀರಿ. ಇರಲಿ. ಆದರೆ ಒಂದಾದ ಮೇಲೊಂದು ಚಿತ್ರ ತೆಗೆದು ಇಟ್ಟಿದ್ದರಲ್ಲ, ಚುಕ್ಕಿ ಮೊದಲು ಇರಲಿಲ್ಲ, ಆಮೇಲೆ ಬಂತು, ಬರಬರುತ್ತ ಬೆಳಗಿತು ಅಂತ ತೋರಿಸೋಕೆ ಅದೇ ಆಧಾರ ಆಯಿತು.

ಧಾರವಾಡದ ಕಲ್ಲಿನ ವಿಷಯ ಬಿಡುತ್ತೇನೆ. ಒಂದೇ ಮಾತು: ಭೂವಿಜ್ಞಾನದವರು ಜಗತ್ತಿನಲ್ಲೆಲ್ಲ ‘ಧಾರವಾಡ’ ಅಂತಾರೆ, ಪೇಡೆಗಲ್ಲ, 250 ಕೋಟಿ ವರ್ಷಕ್ಕೂ ಹಳೆಯ ಕಲ್ಲಿಗೆ. ವಯಸ್ಸು ಹೇಗೆ ಗೊತ್ತಾಯಿತು ಅಂದರೆ, ಕಲ್ಲಿನೊಳಗಿನ ಜಿರ್ಕಾನ್ ಹರಳಿನಲ್ಲಿ ಯುರೇನಿಯಂ ಎಷ್ಟು ಸೀಸ ಆಗಿದೆ ಅನ್ನೋ ಲೆಕ್ಕದಿಂದ. ಉಳಿದದ್ದು ಮುಂದಿನ ವರ್ಷ, ಕರೆದರೆ.

ಕೊನೆಯದು ಸವಣೂರಿನವರಿಗೆ. ನಿಮ್ಮ ದೊಡ್ಡಹುಣಸೆ ಮಠದ ಮರಗಳು ಆಫ್ರಿಕಾದ ಬಾವೊಬಾಬ್ ಜಾತಿಯವು. ಎರಡು ಸಾವಿರ ವರ್ಷದ್ದು ಅಂತ ಊರಲ್ಲಿ ಹೇಳ್ತಾರೆ. ಈ ಮರದ ಉಂಗುರ ಎಣಿಸಿ ವಯಸ್ಸು ಹೇಳೋದು ನಂಬಿಕೆಗೆ ಬರಲ್ಲ. ಮರದೊಳಗಿನ ಇಂಗಾಲದಿಂದ ವಯಸ್ಸು ಅಳೆಯುವ ರೇಡಿಯೊಕಾರ್ಬನ್ ಪರೀಕ್ಷೆ ಬೇಕು, ಅದು ನಮ್ಮ ಕೈಲಿ ಆಗಲ್ಲ. ಆದರೆ ಕೈಗಡಿಯಾರದಲ್ಲಿ ಆಗುವ ಕೆಲಸ ಒಂದಿದೆ. ಇದರ ಹೂ ಬಿಳಿ, ತಲೆಕೆಳಗಾಗಿ ತೂಗುತ್ತೆ, ಬಿರಿಯೋದು ಸಂಜೆಗೆ, ಮರುದಿನ ಬಾಡುತ್ತೆ. ಆಫ್ರಿಕಾದಲ್ಲಿ ಹಣ್ಣುಬಾವಲಿಗಳು ಬಂದು ಪರಾಗಸ್ಪರ್ಶ ಮಾಡುತ್ತವೆ. ಸವಣೂರಿನಲ್ಲಿ ಯಾರು ಬರುತ್ತಾರೆ? ಮೊಗ್ಗು ಕಂಡ ದಿನ ಟಾರ್ಚ್, ಒಂದು ನೋಟ್‌ಬುಕ್ ತಗೊಂಡು ಮರದ ಕೆಳಗೆ ಕೂರಿ. ಎಷ್ಟು ಗಂಟೆಗೆ ಬಿರಿಯಿತು, ಯಾವ ಪ್ರಾಣಿ ಬಂತು, ಎಷ್ಟು ಹೊತ್ತು ಇತ್ತು, ಬರೆಯಿರಿ. ಮಠದವರಿಗೆ ಮೊದಲೇ ಹೇಳಿ ಹೋಗಿ, ರಾತ್ರಿ ಟಾರ್ಚ್ ಹಿಡಿದು ಓಡಾಡಿದರೆ ಕಳ್ಳರು ಅಂದುಕೊಂಡಾರು. ಈಗಾಗಲೇ ನೋಡಿದವರು ಈ ಸಭೆಯಲ್ಲೇ ಇದ್ದರೆ ಚಹಾ ಕುಡಿಯುವಾಗ ನನ್ನನ್ನ ಹಿಡಿದುಕೊಳ್ಳಿ. ನಾನು ಬಾಗಿಲ ಹತ್ತಿರವೇ ಇರುತ್ತೇನೆ, ಕೊನೆಯ ಬಸ್ಸು ಹೋದರೂ ಚಿಂತೆಯಿಲ್ಲ. ನಮಸ್ಕಾರ.