ಮರಿ ಒಂಟಿಯಾಗಿ ಮಲಗುವ ಮುಂಚೆ

ಎಲ್ಲರಿಗೂ ನಮಸ್ಕಾರ.

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ವಾಚ್‌ಮ್ಯಾನ್ ಕ್ಯಾಬಿನ್ ಹಿಂದೆ ಒಂದು ಹಳೆಯ ಗೋಣಿಚೀಲ ಇದೆ. ಈ ಜುಲೈ ಮಳೆಯಲ್ಲಿ ಒಂದು ಬೀದಿನಾಯಿ ಅದರ ಮೇಲೆ 5 ಮರಿ ಹಾಕಿತು. ರಾತ್ರಿ ಊಟ ಮುಗಿದ ಮೇಲೆ ನಾನು ದಿನಾ ಹೋಗಿ ನೋಡುತ್ತಿದ್ದೆ. ಐದೂ ಒಂದೇ ರಾಶಿ. ಯಾವ ಕಾಲು ಯಾರದ್ದು, ಯಾವ ಕಿವಿ ಯಾರದ್ದು, ಗೊತ್ತೇ ಆಗುತ್ತಿರಲಿಲ್ಲ. ಅಡಿಯಲ್ಲಿದ್ದ ಮರಿ ಸೆಕೆಯಾದಾಗ ಒದ್ದಾಡಿ ಮೇಲೆ ಬರುತ್ತಿತ್ತು. ಮೇಲಿದ್ದದ್ದು ಜಾರಿ ಅಂಚಿಗೆ ಹೋಗುತ್ತಿತ್ತು. ಅಂಚಿನದ್ದಕ್ಕೆ ಚಳಿಯಾದಾಗ ಕುಂಯ್ ಅಂದು ಮತ್ತೆ ರಾಶಿಯೊಳಗೆ ಮೂತಿ ತೂರಿಸುತ್ತಿತ್ತು. ಇನ್ನೊಂದರ ಮೈ ತಾಗದೆ ಮಲಗಿದ ಒಂದು ಮರಿಯನ್ನೂ ನಾನು ನೋಡಲಿಲ್ಲ.

ನೀವು ಮನೆಗೆ ತರುವ ಮರಿ ಬರುವುದು ಆ ರಾಶಿಯಿಂದ. ಲ್ಯಾಬ್ ಆಗಲಿ, ಪಾಮ್ ಆಗಲಿ, ನಮ್ಮ ಮುಧೋಳ ಆಗಲಿ, ಬೀದಿಯದ್ದೇ ಆಗಲಿ. ಹುಟ್ಟಿದ ಮೊದಲ ವಾರಗಳಲ್ಲಿ ಮರಿಗೆ ತನ್ನ ಮೈಯ ಕಾವನ್ನು ತಾನೇ ಕಾಪಾಡಿಕೊಳ್ಳಲು ಆಗುವುದಿಲ್ಲ. ತಾಯಿ ಮತ್ತು ಒಡಹುಟ್ಟಿದ ಮರಿಗಳೇ ಅದಕ್ಕೆ ಕಂಬಳಿ. ಅಲ್ಲಿಂದ ಬೇರೆಯಾದರೆ ಕೂಗಬೇಕು, ಕೂಗಿದರೆ ತಾಯಿ ಬರುತ್ತಾಳೆ. ಕಣ್ಣು ಬಿಡುವ ಮುಂಚೆಯೇ ಅದು ಮಾಡುವ ಕೆಲಸ ಇದು. ನಾವು ಮಾಡುವುದೇನು? ಒಂದು ಭಾನುವಾರ ಅದನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬರುತ್ತೇವೆ. ಮಕ್ಕಳು ಇಡೀ ದಿನ ಎತ್ತಿ ಆಡಿಸುತ್ತಾರೆ. ರಾತ್ರಿ 11ಕ್ಕೆ ಅಡುಗೆಮನೆಯಲ್ಲಿ ಬಿಟ್ಟು, ಲೈಟ್ ಆರಿಸಿ, ಬಾಗಿಲು ಹಾಕುತ್ತೇವೆ. ಅದು ಕೂಗುತ್ತದೆ. ಆಗ ನನಗೆ ಫೋನ್ ಬರುತ್ತದೆ. "ಹಗಲೆಲ್ಲ ಎಷ್ಟು ಒಳ್ಳೆಯದು ಗೊತ್ತಾ, ರಾತ್ರಿ ಮಾತ್ರ ಹಟ ಮಾಡುತ್ತೆ" ಅಂತ.

ಅದು ಹಟ ಅಲ್ಲ. ಹೆದರಿಕೆ. ಇವತ್ತು ನಾನು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ: ಕೂಗಿದಾಗ ಯಾರಾದರೂ ಬರುತ್ತಾರೆ ಅಂತ ಗೊತ್ತಾದ ಮರಿ ಬೇಗ ಒಂಟಿಯಾಗಿ ಮಲಗಲು ಕಲಿಯುತ್ತದೆ. ಯಾರೂ ಬರದ ಮರಿ ಕಲಿಯುವುದು ಹೆದರುವುದನ್ನು.

ಇದು ನನಗೆ ಮೊದಲು ಗೊತ್ತಿರಲಿಲ್ಲ. ನಮ್ಮ ಮೊದಲ ನಾಯಿ ಗುಂಡ ಬಂದಾಗ ಪರಿಚಯದವರೊಬ್ಬರು ಗಟ್ಟಿಯಾಗಿ ಹೇಳಿದರು, "3 ರಾತ್ರಿ ಅಳಲಿ, ಎದ್ದು ಹೋಗಬೇಡಿ, ನಾಲ್ಕನೇ ದಿನ ಸುಮ್ಮನಾಗುತ್ತದೆ." ನಾವು ಅವನನ್ನು ಗ್ಯಾಲರಿಯಲ್ಲಿ ಮಲಗಿಸಿದೆವು. ನಾನು ಒಳಗೆ ದಿಂಬಿನ ಕೆಳಗೆ ತಲೆಯಿಟ್ಟು ಮಲಗಿದೆ. ಮೂರನೇ ರಾತ್ರಿ 2 ಗಂಟೆಯ ಹೊತ್ತಿಗೆ ಅವನು ಸುಮ್ಮನಾದ. ಸದ್ಯ, ಕಲಿತ ಅಂದುಕೊಂಡೆ. ಬೆಳಿಗ್ಗೆ ಬಾಗಿಲು ತೆಗೆದರೆ ಬಾಗಿಲ ಕೆಳಗಿನ ಪಟ್ಟಿಯ ಬಣ್ಣ ಎಲ್ಲ ಕೆರೆದುಹೋಗಿತ್ತು. ಅವನ ಮೂಗಿನ ತುದಿ ಉಜ್ಜಿ ಉಜ್ಜಿ ಕೆಂಪಾಗಿತ್ತು. ಮುಂಗಾಲಿನ ಒಂದು ಉಗುರಿನಲ್ಲಿ ರಕ್ತ. ನನ್ನನ್ನು ನೋಡಿ ಬಾಲ ಅಲ್ಲಾಡಿಸಿದ. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಅವನು ಸುಮ್ಮನಾದದ್ದು ಸುಸ್ತಾಗಿ. ಮುಂದೆ ಒಂದು ವರ್ಷಕ್ಕೂ ಜಾಸ್ತಿ ಗುಂಡನನ್ನು ಹಗಲಿನಲ್ಲಿ ಕೂಡ ಒಂಟಿಯಾಗಿ ಬಿಡಲು ಆಗಲಿಲ್ಲ. ಹಾಲು ತರಲು ಕೆಳಗೆ ಇಳಿದರೂ ಬಾಗಿಲ ಹಿಂದೆ ಊಳಿಡುತ್ತಿದ್ದ. 3 ರಾತ್ರಿ ಉಳಿಸಲು ಹೋಗಿ ಅಷ್ಟು ಕಳೆದುಕೊಂಡೆವು.

"ಊರಲ್ಲಿ ನಾಯಿ ಹೊರಗೇ ಮಲಗುತ್ತಿತ್ತಲ್ಲ" ಅಂತ ಹಿರಿಯರು ಕೇಳುತ್ತಾರೆ. ನಿಜ. ನಮ್ಮದು ಕುಂದಾಪುರದ ಕಡೆ. ನಮ್ಮಲ್ಲೂ ನಾಯಿ ಜಗಲಿ ಹತ್ತುತ್ತಿರಲಿಲ್ಲ. ಆದರೆ ನೆನಪು ಮಾಡಿಕೊಳ್ಳಿ, ಮರಿ ಎಲ್ಲಿ ಮಲಗುತ್ತಿತ್ತು? ಬಚ್ಚಲೊಲೆಯ ಬೂದಿಯಲ್ಲಿ, ಅಲ್ವಾ? ಸಂಜೆ ನೀರು ಕಾಯಿಸಿದ ಒಲೆ ಬೆಳಗಿನ ಜಾವದ ತನಕ ಬೆಚ್ಚಗಿರುತ್ತಿತ್ತು. ಬೆಳಿಗ್ಗೆ ಮೈಯೆಲ್ಲ ಬೂದಿ ಮಾಡಿಕೊಂಡು ಹೊರಗೆ ಬರುತ್ತಿತ್ತು. ಪಕ್ಕದ ಹಟ್ಟಿಯಲ್ಲಿ ದನದ ಉಸಿರು ಕೇಳುತ್ತಿತ್ತು. ನಮ್ಮಜ್ಜಿ ರಾತ್ರಿ ಎದ್ದಾಗ ಒಂದು ಸಲ "ಹಚಾ, ಮಲಕ್ಕೊ" ಅನ್ನುತ್ತಿದ್ದರು. ಆ ಮರಿ ಒಂಟಿಯಾಗಿ ಇತ್ತು ಅಂತ ಹೇಗೆ ಹೇಳುವುದು? ಏಳನೇ ಮಹಡಿಯ ಟೈಲ್ಸ್ ನೆಲ, ಮುಚ್ಚಿದ ಬಾಗಿಲು, ಕೆಳಗೆ ಹಾದುಹೋಗುವ ಲೋಕಲ್ ಟ್ರೇನಿನ ಸದ್ದು. ಅದು ಬೇರೆಯೇ ಲೋಕ.

ಹಾಗಾದರೆ ಏನು ಮಾಡಬೇಕು? ಮೊದಲ ರಾತ್ರಿ ಮರಿಯ ಡಬ್ಬವನ್ನು ನಿಮ್ಮ ಹಾಸಿಗೆಯ ಪಕ್ಕದಲ್ಲೇ ಇಡಿ. ಡಬ್ಬ ಎಂದರೆ ಬದಿ ಎತ್ತರ ಇರುವ ಗಟ್ಟಿ ರಟ್ಟಿನ ಪೆಟ್ಟಿಗೆ ಸಾಕು. ಕ್ರೇಟ್, ಅಂದರೆ ನಾಯಿ ಮಲಗುವ ಬಾಗಿಲಿರುವ ಗೂಡು, ಇದ್ದರೆ ಅದೇ ಆಗಲಿ. ಮರಿ ಎದ್ದು ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಇರಲಿ. ಕ್ರೇಟ್ ತಂದ ದಿನವೇ ಒಳಗೆ ತಳ್ಳಿ ಚಿಲಕ ಹಾಕಬೇಡಿ. ಹಗಲಿನಲ್ಲಿ ಬಾಗಿಲು ತೆರೆದಿಟ್ಟು ಊಟವನ್ನು ಅದರೊಳಗೇ ಕೊಡಿ. ತಾನೇ ಒಳಗೆ ಹೋಗಿ ಮಲಗುವಂತಾಗಲಿ. ಮುಂಬೈ ಸೆಕೆಯಲ್ಲಿ ಕ್ರೇಟ್ ಮೇಲೆ ದಪ್ಪ ಬಟ್ಟೆ ಹೊದಿಸುವುದು ಬೇಡ, ಗಾಳಿ ಆಡಬೇಕು. ಒಂದು ಬದಿಗೆ ಮೆತ್ತಗಿನ ಬಟ್ಟೆ ಹಾಸಿ, ಇನ್ನೊಂದು ಬದಿ ಖಾಲಿ ಬಿಡಿ. ಸೆಕೆಯಾದರೆ ಅದೇ ಆಚೆ ಸರಿದುಕೊಳ್ಳುತ್ತದೆ.

ಬಟ್ಟೆ ಯಾವುದು ಅನ್ನುವುದು ಮುಖ್ಯ. ಮರಿಯನ್ನು ತರುವಾಗ ತಾಯಿ ಮಲಗಿದ್ದ ಜಾಗದ ಒಂದು ತುಂಡು ಬಟ್ಟೆ ಕೇಳಿ ತನ್ನಿ. ನಾಯಿಗೆ ಮನೆ ಎಂದರೆ ವಾಸನೆ. ಅದನ್ನು ಒಗೆಯಬೇಡಿ. ಅದರ ಜೊತೆ ನೀವು ಉಟ್ಟು ಬಿಟ್ಟ ಹಳೆಯ ಲುಂಗಿಯೋ ಸೀರೆಯ ತುಂಡೋ ಇಡಿ. ಎರಡು ವಾಸನೆ ಒಂದೇ ಕಡೆ ಸೇರಲಿ. ಇನ್ನು, ತಾಯಿಯಿಂದ ಬೇಗ ಬಿಡಿಸಿ ತರಬೇಡಿ. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಅಂತ ಕೇಂದ್ರ ಸರಕಾರದ 2017ರ ನಿಯಮವೇ ಇದೆ. ಯಾರಾದರೂ ಒಂದು ತಿಂಗಳ ಮರಿಯನ್ನು ಕೈಗೆ ಕೊಡಲು ಬಂದರೆ "ಇನ್ನೊಂದು ತಿಂಗಳು ತಾಯಿ ಹತ್ತಿರ ಇರಲಿ" ಅನ್ನಿ. ಕಚ್ಚುವಾಟಕ್ಕೆ ಎಲ್ಲಿ ಮಿತಿ ಅಂತ ಅದು ಕಲಿಯುವುದೂ ಆ ರಾಶಿಯಲ್ಲೇ.

ಲೈಟ್ ಆರಿಸಿದ ಮೇಲೆ ಕುಂಯ್‌ಗುಟ್ಟುತ್ತದೆ. ಆಗ ಹಾಸಿಗೆಯಿಂದ ಕೈ ಇಳಿಬಿಡಿ. ಬೆರಳು ಅದರ ಬೆನ್ನಿಗೆ ತಾಗಲಿ, ಸಾಕು. ಎತ್ತಿಕೊಳ್ಳಬೇಡಿ, ಆಡಿಸಬೇಡಿ, ಲೈಟ್ ಹಾಕಬೇಡಿ. ನಮ್ಮ ಎರಡನೇ ನಾಯಿ ತಿಮ್ಮಿ ಬಂದ ರಾತ್ರಿ ನನ್ನ ಕಿರುಬೆರಳನ್ನು ಬಾಯಲ್ಲಿ ಹಿಡಿದುಕೊಂಡೇ ನಿದ್ದೆ ಹೋದಳು. ನನ್ನ ಕೈ ಜೋಮು ಹಿಡಿದಿತ್ತು. ತೆಗೆಯಲು ಹೋದರೆ ಕಣ್ಣು ಬಿಡುತ್ತಿದ್ದಳು. ಅರ್ಧ ಗಂಟೆ ಹಾಗೇ ಬಿಟ್ಟೆ.

ಅಳುವಿನಲ್ಲೂ ಬಗೆಗಳಿವೆ. 4 ದಿನ ಕಿವಿಗೊಟ್ಟು ಕೇಳಿದರೆ ನಿಮಗೇ ತಿಳಿಯುತ್ತದೆ. ನಿದ್ದೆಗೆ ಜಾರುವ ಮುಂಚೆ ಒಂದು ಗೊಣಗಾಟ ಇರುತ್ತದೆ, ಮಧ್ಯೆ ಮಧ್ಯೆ ನಿಲ್ಲುತ್ತದೆ, ಇಳಿಯುತ್ತಾ ಹೋಗುತ್ತದೆ. ಅದಕ್ಕೆ ನೀವು ಏನೂ ಮಾಡಬೇಕಿಲ್ಲ. ಇನ್ನೊಂದು, ಚೆನ್ನಾಗಿ ಮಲಗಿದ್ದ ಮರಿ ರಾತ್ರಿ 2ಕ್ಕೋ 3ಕ್ಕೋ ಎದ್ದು ಸುತ್ತುತ್ತಾ, ಮೂಸುತ್ತಾ, ಕುಂಯ್ ಕುಂಯ್ ಅನ್ನುವುದು. ಅದು ಉಚ್ಚೆಗೆ. ಮೂರನೆಯದು ಏರುತ್ತಲೇ ಹೋಗುವ ಚೀರಾಟ. ಏದುಸಿರು, ಜೊಲ್ಲು, ಗೋಡೆ ಕೆರೆಯುವುದು. ಗುಂಡ ಗ್ಯಾಲರಿಯಲ್ಲಿ ಕೂಗಿದ್ದು ಅದು. ಆ ಕೂಗಿಗೆ ಕೂಡಲೇ ಎದ್ದು ಹೋಗಿ. "ಹೋದರೆ ಅಭ್ಯಾಸ ಆಗುತ್ತೆ" ಅಂತ ಹೆದರಬೇಡಿ. ಹೆದರಿದ ಮರಿಯನ್ನು ಸಮಾಧಾನ ಮಾಡಿದರೆ ಹೆದರಿಕೆ ಜಾಸ್ತಿ ಆಗುವುದಿಲ್ಲ, ಕಡಿಮೆ ಆಗುತ್ತದೆ. ಬೈಯುವುದು, ಪೇಪರ್ ಸುತ್ತಿ ಹೊಡೆಯುವುದು ಖಂಡಿತ ಬೇಡ. ಕತ್ತಲೆಗೆ ಹೆದರಿದ್ದ ಮರಿ ಆಮೇಲೆ ನಿಮಗೂ ಹೆದರುತ್ತದೆ.

ಉಚ್ಚೆಯ ವಿಷಯಕ್ಕೆ ಬರುತ್ತೇನೆ. 2 ತಿಂಗಳ ಮರಿ ಹಗಲಿನಲ್ಲಿ ಹೆಚ್ಚೆಂದರೆ 2-3 ಗಂಟೆ ತಡೆದುಕೊಳ್ಳುತ್ತದೆ. ರಾತ್ರಿ ನಿದ್ದೆಯಲ್ಲಿ ಸ್ವಲ್ಪ ಜಾಸ್ತಿ. ಹಾಗಾಗಿ ಮೊದಲ ವಾರಗಳಲ್ಲಿ ರಾತ್ರಿ ಒಂದೆರಡು ಸಲ ಏಳುವುದು ತಪ್ಪಿದ್ದಲ್ಲ. ಅಲಾರಂ ಇಟ್ಟುಕೊಂಡು, ಅದು ಅಳುವ ಮುಂಚೆಯೇ ಏಳುವುದು ಇನ್ನೂ ಒಳ್ಳೆಯದು. ಎತ್ತಿಕೊಂಡು ಹೋಗಿ, ನಡೆಸಿಕೊಂಡು ಹೋದರೆ ದಾರಿಯಲ್ಲೇ ಆಗುತ್ತದೆ. ಗ್ಯಾಲರಿಯಲ್ಲೋ ಬಾತ್‌ರೂಮಿನಲ್ಲೋ ಪೇಪರ್ ಹಾಸಿದ ಒಂದೇ ಜಾಗ ಇರಲಿ. ಮಾತಿಲ್ಲ, ಆಟವಿಲ್ಲ, ಮಂದ ಬೆಳಕು. ಮುಗಿದ ಕೂಡಲೇ ಮೆಲ್ಲಗೆ "ಜಾಣೆ" ಅಂದು ವಾಪಸ್ ಡಬ್ಬಕ್ಕೆ. ಲಸಿಕೆಗಳು ಮುಗಿಯುವ ತನಕ ಸೊಸೈಟಿಯ ಕಾಂಪೌಂಡಿನ ನೆಲದಲ್ಲಿ ಬಿಡಬೇಡಿ. ಪಾರ್ವೋ ರೋಗದ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಎತ್ತಿಕೊಂಡು ಹೋಗಿ ಬೀದಿ, ರಿಕ್ಷಾ, ಜನ ಎಲ್ಲ ತೋರಿಸಬಹುದು, ತೋರಿಸಲೇಬೇಕು.

ರಾತ್ರಿ ಊಟವನ್ನು ಮಲಗುವ 3 ಗಂಟೆ ಮುಂಚೆ ಮುಗಿಸಿ. ನೀರನ್ನು ಮಾತ್ರ ತಡೆಯಬೇಡಿ. ಪಾಮ್, ಚಿವಾವಾ ಥರದ ಪುಟ್ಟ ಜಾತಿಯ ಮರಿಗಳಿಗೆ ಹೊಟ್ಟೆ ತುಂಬಾ ಹೊತ್ತು ಖಾಲಿ ಇದ್ದರೆ ರಕ್ತದ ಸಕ್ಕರೆ ಇಳಿದುಬಿಡುತ್ತದೆ. ಅವುಗಳ ಊಟದ ಹೊತ್ತನ್ನು ಡಾಕ್ಟರನ್ನೇ ಕೇಳಿ. ಇನ್ನೊಂದು, ನೆಲದ ಮೇಲೆ ಸೊಳ್ಳೆ ಬತ್ತಿ ಹಚ್ಚಿಡುವ ಅಭ್ಯಾಸ ಇದ್ದರೆ ಮರಿ ಬಂದ ದಿನವೇ ನಿಲ್ಲಿಸಿ. ಚಾರ್ಜರ್ ವಯರ್ ಮೇಲೆ ಎತ್ತಿ.

ಹಗಲು ಎಷ್ಟು ಮಲಗಬೇಕು ಅನ್ನುವುದು ಎಲ್ಲರೂ ಮರೆಯುವ ಮಾತು. ಈ ವಯಸ್ಸಿನ ಮರಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ಹಗಲು ಆಡಿಸಿ ಸುಸ್ತು ಮಾಡಿದರೆ ರಾತ್ರಿ ಮಲಗುತ್ತದೆ ಅಂತ ನಾವು ಲೆಕ್ಕ ಹಾಕುತ್ತೇವೆ. ಆಗುವುದು ಉಲ್ಟಾ. ಸಂಜೆ 8ರ ಹೊತ್ತಿಗೆ ಸೋಫಾದಿಂದ ಬಾಗಿಲಿಗೆ, ಬಾಗಿಲಿಂದ ಸೋಫಾಗೆ ಓಡಿ, ಸಿಕ್ಕಿದವರ ಕಾಲು ಕಚ್ಚುತ್ತದಲ್ಲ, ಅದು ನಿದ್ದೆಗೆಟ್ಟ ಮರಿ. ನಮ್ಮ ಮಕ್ಕಳೂ ಮದುವೆಮನೆಯಲ್ಲಿ ಹೀಗೇ ಮಾಡುತ್ತಾರೆ. ಮರಿ ಮಲಗಿದಾಗ ಎಬ್ಬಿಸಬಾರದು ಅಂತ ಮಕ್ಕಳಿಗೆ ಹೇಳಿ.

ಈಗ ಒಂಟಿಯಾಗಿ ಮಲಗುವ ಮಾತು. ಮರಿ ನಿಮ್ಮ ಪಕ್ಕದಲ್ಲಿ 3-4 ರಾತ್ರಿ ಅಳದೆ ಮಲಗಿದ ಮೇಲೆ ಡಬ್ಬವನ್ನು ಒಂದು ಮೊಳ ದೂರ ಸರಿಸಿ. ಎರಡು ರಾತ್ರಿ ಅಲ್ಲೇ ಇರಲಿ. ಮತ್ತೆ ಒಂದು ಮೊಳ. ಕಪಾಟಿನ ಹತ್ತಿರ, ಬಾಗಿಲ ಹತ್ತಿರ, ಬಾಗಿಲ ಆಚೆ. ಬಾಗಿಲು ತೆರೆದೇ ಇರಲಿ. ಒಂದು ರಾತ್ರಿ ಚೀರಿದರೆ ಅರ್ಧ ಮೊಳ ಹಿಂದೆ ತನ್ನಿ. ನಾಚಿಕೆಪಡಬೇಕಾದದ್ದೇನೂ ಇಲ್ಲ. ತಿಮ್ಮಿ ಹಾಲ್‌ನ ಕಿಟಕಿ ಹತ್ತಿರ ಮುಟ್ಟಲು 19 ರಾತ್ರಿ ಬೇಕಾಯಿತು. ಬಾಗಿಲ ಹೊಸ್ತಿಲಲ್ಲೇ ಅವಳು 5 ರಾತ್ರಿ ನಿಂತುಬಿಟ್ಟಳು. ಅಲ್ಲಿಂದ ನನ್ನ ಮಂಚ ಕಾಣುತ್ತಿರಲಿಲ್ಲ, ಅದಕ್ಕೆ.

ಇದರ ಜೊತೆಗೆ ಹಗಲಿನಲ್ಲಿ ಅಭ್ಯಾಸ ಬೇಕು. ಅಡುಗೆಮನೆಗೆ ಹೋಗಿ ಅರ್ಧ ನಿಮಿಷ ಬಾಗಿಲು ಹಾಕಿ, ಮರಿ ಅಳುವ ಮುಂಚೆ ಬನ್ನಿ. ಆಮೇಲೆ 2 ನಿಮಿಷ. ಆಮೇಲೆ ಕಸ ಹಾಕಿ ಬರುವಷ್ಟು ಹೊತ್ತು. ಹೋಗುವಾಗ ಮುದ್ದು ಮಾಡುವುದು, ಬಂದಾಗ ಹಬ್ಬ ಮಾಡುವುದು ಬೇಡ. ಹೋಗುವುದು ಬರುವುದು ಸಾಮಾನ್ಯ ಸಂಗತಿ ಅಂತ ಅದಕ್ಕೆ ಅನ್ನಿಸಲಿ.

ಇಲ್ಲಿ ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ 7:30ರ ಲೋಕಲ್ ಹಿಡಿದು ರಾತ್ರಿ 8ಕ್ಕೆ ಬರುವವರಾದರೆ, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ, 2 ತಿಂಗಳ ಮರಿ ತರಬೇಡಿ. ರಾತ್ರಿಯ ಅಳು ನಿಲ್ಲಿಸಿದರೂ ಹಗಲಿನ 12 ಗಂಟೆ ಅದನ್ನು ಮುರಿದುಬಿಡುತ್ತದೆ. ಬೇಕೇ ಬೇಕು ಅಂದರೆ ಬೆಳೆದ ನಾಯಿಯನ್ನು ದತ್ತು ತೆಗೆದುಕೊಳ್ಳಿ. ಅದಕ್ಕೂ ಮಧ್ಯಾಹ್ನ ಒಬ್ಬರು ಬಂದು ಹೋಗುವ ಏರ್ಪಾಡು ಬೇಕು. ಮರಿಯೇ ಬೇಕು ಅನ್ನುವವರು ಎರಡು ವಾರ ರಜೆ ಹಾಕಿ, ಶುಕ್ರವಾರ ಸಂಜೆ ತನ್ನಿ.

ನೆರೆಮನೆಯವರ ಹೆದರಿಕೆಯಿಂದಲೇ ಬಹಳ ಜನ ಮರಿಯನ್ನು ಹೊಡೆದು ಸುಮ್ಮನಾಗಿಸುತ್ತಾರೆ. ಮರಿ ಬರುವ ಮುಂಚೆ ಮೇಲೆ, ಕೆಳಗೆ, ಪಕ್ಕದ ಮನೆಗೆ ಹೋಗಿ ಹೇಳಿ ಬನ್ನಿ. "ಹೊಸ ಮರಿ ಬರುತ್ತಿದೆ, ಒಂದು ವಾರ ಸ್ವಲ್ಪ ಸಹಿಸಿಕೊಳ್ಳಿ" ಅಂದರೆ ಜನ ಕೇಳುತ್ತಾರೆ. ನಮ್ಮ ಪಕ್ಕದ ಮರಾಠಿ ಅಜ್ಜಿ ಮೂರನೇ ದಿನ ತಾವೇ ಬಂದು ಮರಿಗೆ ಹಳೆಯ ಗೋಧಡಿ ಕೊಟ್ಟು ಹೋದರು. ಸೊಸೈಟಿ ನಾಯಿಯನ್ನೇ ನಿಷೇಧಿಸಲು ಹೊರಟರೆ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ತೋರಿಸಿ. ಬಹುಮತದಿಂದಲೂ ಹಾಗೆ ನಿಷೇಧಿಸುವಂತಿಲ್ಲ ಅಂತ ಅದರಲ್ಲಿದೆ. ರಾತ್ರಿ ನಾಯಿಯನ್ನು ಶಾಂತವಾಗಿಡಲು ಸಾಕುವವರು ಪ್ರಯತ್ನಿಸಬೇಕು ಅಂತಲೂ ಇದೆ. ಎರಡನ್ನೂ ಓದಿ.

ಒಂದು ಎಚ್ಚರಿಕೆ. ಚೆನ್ನಾಗಿದ್ದ ಮರಿ ಊಟ ಬಿಟ್ಟು, ಮಂಕಾಗಿ, ವಾಂತಿ ಭೇದಿ ಶುರುವಾದರೆ, ಅದೂ ರಕ್ತ ಕಂಡರೆ, ಬೆಳಗಾಗಲಿ ಅಂತ ಕಾಯಬೇಡಿ. ಮರಿಯನ್ನು ತರುವ ಮುಂಚೆಯೇ ರಾತ್ರಿ ತೆರೆದಿರುವ ದವಾಖಾನೆ ಹತ್ತಿರದಲ್ಲಿ ಯಾವುದು ಅಂತ ವಿಚಾರಿಸಿ ನಂಬರ್ ಬರೆದಿಟ್ಟುಕೊಳ್ಳಿ.

ಆ ಗೋಣಿಚೀಲದ 5 ಮರಿಗಳಲ್ಲಿ ನಾಲ್ಕಕ್ಕೆ ಮನೆ ಸಿಕ್ಕಿದೆ. ತಾಯಿಗೆ ಆಪರೇಷನ್ ಮಾಡಿಸಿದ್ದೇವೆ. ಐದನೆಯದು, ಬಿಳಿ ಕಾಲಿನ ಹೆಣ್ಣುಮರಿ, ನಮ್ಮಲ್ಲಿದೆ. ಇವತ್ತು ಅವಳ ಒಂಬತ್ತನೇ ರಾತ್ರಿ. ಡಬ್ಬ ಕಪಾಟಿನ ಹತ್ತಿರ ಬಂದಿದೆ. ನಿನ್ನೆ 3 ಗಂಟೆಗೆ ಒಂದು ಸಲ ಕುಂಯ್ ಅಂದಳು. ನಾನು ಕತ್ತಲೆಯಲ್ಲಿ "ಇದ್ದೇನೆ" ಅಂದೆ. ಬಟ್ಟೆಯನ್ನು ಎರಡು ಸಲ ಕೆರೆದು, ಒಂದು ಸುತ್ತು ಸುತ್ತಿ, ಉಸ್ಸೆಂದು ಮಲಗಿದಳು. ಹತ್ತೂವರೆಗೆ ಅವಳನ್ನು ಗ್ಯಾಲರಿಗೆ ಎತ್ತಿಕೊಂಡು ಹೋಗಬೇಕು. ಅಲ್ಲಿಯ ತನಕ ನಾನು ಇಲ್ಲೇ ಇರುತ್ತೇನೆ, ನಿಮ್ಮ ಮರಿಗಳ ಬಗ್ಗೆ ಕೇಳಿ.